ಕರ್ಣನಿಗೆ ಎಷ್ಟು ಗೊತ್ತಿರಬೇಕು?

ಮೇ ತಿಂಗಳ 24ರ ಸುಮಾರಿಗೆ ಬರುವ ಪತ್ತನಾಜೆ ಕಳೆಯಿತೆಂದರೆ ತುಳುನಾಡಿನಲ್ಲಿ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಇನ್ನು ಬಯಲಾಟ ನೋಡಲು ದೀಪಾವಳಿಯ ಆಚೆಯ ತಿರುಗಾಟದವರೆಗೆ ಕಾಯಬೇಕು. ಗದ್ದೆಯಲ್ಲಿ ನೀರು, ತೋಟದಲ್ಲಿ ಅಡಿಕೆಗೆ ಮದ್ದು ಬಿಡುವ ಗಡಿಬಿಡಿ, ಹೊರಗೆ ಬಿಡದೆ ಸುರಿಯುವ ಮಳೆ. ಆದರೆ ಪುತ್ತೂರು, ಸುಳ್ಯ, ಕಡಬದ ಕಡೆ ಹೋದವರಿಗೆ ಈ ಮಳೆಗಾಲದಲ್ಲೂ ಸಂಜೆಯ ಹೊತ್ತು ದೇವಸ್ಥಾನದ ಸಭಾಭವನದಿಂದಲೋ ಹಳೆಯ ಮನೆಯ ಚಾವಡಿಯಿಂದಲೋ ಮದ್ದಳೆಯ ನುಡಿ ಕೇಳಿಸುತ್ತದೆ. ಅದು ತಾಳಮದ್ದಳೆ.

ಇಲ್ಲಿ ಕಿರೀಟವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ನಡುವೆ ಭಾಗವತರು, ಅವರ ಪಕ್ಕದಲ್ಲಿ ಚೆಂಡೆ ಮದ್ದಳೆಯವರು. ಎರಡು ಬದಿಗಳಲ್ಲಿ ಪಂಚೆಯುಟ್ಟು, ಶಾಲು ಹೊದ್ದ ನಾಲ್ಕಾರು ಜನ ಎದುರುಬದುರಾಗಿ ಕುಳಿತಿರುತ್ತಾರೆ. ಭಾಗವತರು ಪದ ಹಾಡುತ್ತಾರೆ. ಪದ ಮುಗಿದೊಡನೆ ಕುಳಿತವರಲ್ಲೊಬ್ಬರು ಕೃಷ್ಣನಾಗಿ, ಇನ್ನೊಬ್ಬರು ಕರ್ಣನಾಗಿ ಮಾತನಾಡತೊಡಗುತ್ತಾರೆ. ಪದ ಬರೆದಿಟ್ಟದ್ದು, ಮಾತು ಬರೆದಿಟ್ಟದ್ದಲ್ಲ. ಎದುರಿನವನು ಏನು ಕೇಳುತ್ತಾನೆಂದು ಉತ್ತರಿಸುವವನಿಗೆ ಮೊದಲೇ ತಿಳಿದಿರುವುದಿಲ್ಲ. ಆ ಕ್ಷಣಕ್ಕೆ ಹುಟ್ಟುವ ಈ ಮಾತಿಗೆ ‘ಅರ್ಥ’ ಎಂದೂ ಆಡುವವರಿಗೆ ‘ಅರ್ಥಧಾರಿ’ ಎಂದೂ ಹೆಸರು.

ಪುತ್ತೂರಿಗೆ ಯಕ್ಷಗಾನದ ನಂಟು ಹಳೆಯದು. ಪರ್ಲಡ್ಕದ ಬಾಲವನದಲ್ಲಿ ನೆಲೆಸಿದ್ದ ಡಾ. ಶಿವರಾಮ ಕಾರಂತರಿಗೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು ಕಾದಂಬರಿಗಲ್ಲ, ‘ಯಕ್ಷಗಾನ ಬಯಲಾಟ’ ಎಂಬ ಗ್ರಂಥಕ್ಕೆ. ಬೊಳುವಾರಿನ ಆಂಜನೇಯ ಯಕ್ಷಗಾನ ಕಲಾ ಸಂಘದಂಥ ಸಂಸ್ಥೆಗಳು ಇಲ್ಲಿ ತಾಳಮದ್ದಳೆಯನ್ನು ನಡೆಸಿಕೊಂಡು ಬಂದಿವೆ. ಹೆಂಗಸರ ತಂಡಗಳೂ ಈಗ ಅರ್ಥಕ್ಕೆ ಕೂರುತ್ತವೆ. ಶಾಲೆ ಕಾಲೇಜಿನ ಮಕ್ಕಳಿಗೂ ಸಣ್ಣಪುಟ್ಟ ಪಾತ್ರ ಸಿಗುತ್ತದೆ.

ಹಾಗೆ ಮೊದಲ ಸಲ ಕರ್ಣನಾಗಿ ಕುಳಿತ ಹುಡುಗ ಸಾಮಾನ್ಯವಾಗಿ ಒಂದು ತಪ್ಪು ಮಾಡುತ್ತಾನೆ. ಪ್ರಸಂಗ ‘ಕರ್ಣಭೇದನ’. ಸಂಧಾನ ಮುರಿದಿದೆ. ಕೃಷ್ಣ ಕರ್ಣನನ್ನು ಬೇರೆ ಕರೆದು ಅವನ ಹುಟ್ಟಿನ ಗುಟ್ಟನ್ನು ಹೇಳಲಿದ್ದಾನೆ. ಇನ್ನೂ ಹೇಳಿಲ್ಲ. ಅಷ್ಟರಲ್ಲೇ ಹುಡುಗ ತನ್ನ ಪೀಠಿಕೆಯ ಮಾತಿನಲ್ಲಿ ಭಾವಾವೇಶದಿಂದ, “ಕುಂತಿಯ ಮಗನಾಗಿಯೂ ಸೂತಪುತ್ರನೆನಿಸಿಕೊಂಡ ನನ್ನ ವಿಧಿಯೇ!” ಎಂದುಬಿಡುತ್ತಾನೆ. ಹಿಂದಿನ ಸಾಲಿನಲ್ಲಿ ಯಾರೋ ನಗುತ್ತಾರೆ. ಎದುರು ಕುಳಿತ ಕೃಷ್ಣನಿಗೆ ಇನ್ನು ಹೇಳಲು ಏನೂ ಉಳಿದಿಲ್ಲ. ಕೂಟ ಮುಗಿದು ಅವಲಕ್ಕಿ, ಚಹಾ ಆಗುವಾಗ ಆ ಹಿರಿಯರು ಹತ್ತಿರ ಕರೆದು ಕೇಳುತ್ತಾರೆ:

“ಅಲ್ಲ ಮಾಣೀ, ನಾನು ಹೇಳುವ ಮೊದಲೇ ನಿನಗೆ ಹೇಳಿದ್ದು ಯಾರು?”

“ಕತೆ ಎಲ್ಲರಿಗೂ ಗೊತ್ತುಂಟಲ್ಲ ಮಾಷ್ಟ್ರೇ!”

“ನಿನಗೆ ಗೊತ್ತುಂಟು. ಕರ್ಣನಿಗೆ ಗೊತ್ತುಂಟಾ?”

ತಾಳಮದ್ದಳೆಯ ಮೊದಲ ಪಾಠ ಇದೇ. ಅರ್ಥಧಾರಿಗೆ ಮಹಾಭಾರತದ ಹದಿನೆಂಟು ಪರ್ವಗಳೂ ಗೊತ್ತಿರಬೇಕು. ಸಭೆಯಲ್ಲಿ ಕುಳಿತ ಅಜ್ಜಿಗೂ ಕತೆಯ ಕೊನೆ ಗೊತ್ತು. ಆದರೆ ಪಾತ್ರಕ್ಕೆ ಗೊತ್ತಿರುವುದು ಬೇರೆ. ಅದು ಕಂಡದ್ದು, ಅದಕ್ಕೆ ಯಾರಾದರೂ ಹೇಳಿದ್ದು, ಅದು ಊಹಿಸಿದ್ದು, ಈ ಮೂರೇ ಅದರ ಬಂಡವಾಳ. ಹಾಗೆಂದು ಕರ್ಣ ಏನೂ ತಿಳಿಯದವನೂ ಅಲ್ಲ. ಪರಶುರಾಮರ ಬಳಿ ಸುಳ್ಳು ಹೇಳಿ ವಿದ್ಯೆ ಕಲಿತದ್ದು, ಶಾಪ ಪಡೆದದ್ದು ಅವನದೇ ಅನುಭವ. ಕವಚ ಕುಂಡಲಗಳು ಹುಟ್ಟಿನಿಂದಲೇ ಬಂದವು ಎಂಬುದೂ ಅವನಿಗೆ ಗೊತ್ತು. ಸೂತರ ಮನೆಯ ಮಗುವಿಗೆ ಇವು ಎಲ್ಲಿಂದ ಬಂದವು ಎಂಬ ಪ್ರಶ್ನೆ ಅವನೊಳಗೆ ಕೊರೆಯುತ್ತಿರಬಹುದು. ಪ್ರಶ್ನೆ ಇರಲಿ, ಉತ್ತರ ಇರಬಾರದು. ಉತ್ತರ ಕೃಷ್ಣನ ಬಾಯಿಂದ ಬಂದಾಗಲೇ ಅದಕ್ಕೆ ಬೆಲೆ.

ಪುತ್ತೂರಿನಿಂದ ಸವಣೂರು, ಕಾಣಿಯೂರು, ಪಂಜದ ಮೇಲೆ ಸುಬ್ರಹ್ಮಣ್ಯಕ್ಕೆ ಹೋಗುವ ಬಸ್ಸು ಹತ್ತಿದವರಿಗೆ ಈ ಪಾಠ ದಾರಿಯ ಊರುಗಳಲ್ಲೇ ಸಿಗುತ್ತದೆ. ಇದು ಕೋಟಿ ಚೆನ್ನಯರ ನಾಡು. ಪುತ್ತೂರಿನ ಆಗ್ನೇಯಕ್ಕೆ ಇರುವ ಪಡುಮಲೆ ಅವರು ಬೆಳೆದ ನೆಲ. ಅಲ್ಲಿನ ಬಲ್ಲಾಳನೊಡನೆ ವಿರಸವಾಗಿ ಊರು ಬಿಟ್ಟ ಅಣ್ಣತಮ್ಮಂದಿರು ಪಂಜಕ್ಕೆ ಬಂದರು. ಕೊನೆಗೆ ಎಣ್ಮೂರಿನಲ್ಲಿ ಹೋರಾಡಿ ಮಡಿದರು. ಎಣ್ಮೂರಿನ ಗರಡಿಗೆ ಇಂದೂ ಜನ ಭಕ್ತಿಯಿಂದ ಹೋಗುತ್ತಾರೆ. ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸರೂ ಹಾಡುತ್ತಿದ್ದ ತುಳು ಪಾಡ್ದನಗಳಲ್ಲಿ ಈ ಕತೆ ಉಳಿದು ಬಂದಿದೆ. ಯಕ್ಷಗಾನ ಪ್ರಸಂಗವೂ ಆಗಿದೆ.

ಈ ಕತೆಯಲ್ಲಿ ಎಲ್ಲರ ಕಣ್ಣು ತೇವವಾಗುವ ಜಾಗ ಪಂಜದ್ದು. ದಣಿದು ಬಂದ ಇಬ್ಬರು ಪಯ್ಯ ಬೈದ್ಯನ ಮನೆಯಲ್ಲಿ ಕುಡಿಯಲು ನೀರು ಕೇಳುತ್ತಾರೆ. ಮನೆಯೊಡತಿ ಕಿನ್ನಿದಾರು. ಅವಳು ಅವರ ಅಕ್ಕ. ಆದರೆ ಅದು ಅವರಿಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಮಾತಿಗೆ ಮಾತು ಬೆಳೆದು ತವರಿನ ಸುದ್ದಿ, ತಾಯಿ ದೇಯಿ ಬೈದೆತಿಯ ಸುದ್ದಿ ಬಂದಾಗಲೇ ಗುರುತು ಹತ್ತುವುದು. ಕೇಳುತ್ತಿರುವ ಊರಿಗೆಲ್ಲ ಗೊತ್ತು, ಅಂಗಳದಲ್ಲಿ ನಿಂತ ಮೂವರಿಗೆ ಮಾತ್ರ ಗೊತ್ತಿಲ್ಲ. ಕೋಟಿಯ ಪಾತ್ರಧಾರಿ ನೀರು ಕೇಳುವಾಗಲೇ ಧ್ವನಿಯಲ್ಲಿ ಅಕ್ಕನೆಂಬ ಅಕ್ಕರೆ ತಂದುಬಿಟ್ಟರೆ ಆಟ ಅಲ್ಲಿಗೇ ಮುಗಿಯಿತು. ಅವನು ಅಪರಿಚಿತಳೊಬ್ಬಳ ಹತ್ತಿರ ಕೇಳುವ ಸಂಕೋಚದಿಂದಲೇ ನೀರು ಕೇಳಬೇಕು.

ಪಂಜದಿಂದ ಮುಂದೆ ಹೋದರೆ ಸುಬ್ರಹ್ಮಣ್ಯ, ಈಗ ಕಡಬ ತಾಲ್ಲೂಕಿಗೆ ಸೇರಿದ ಕ್ಷೇತ್ರ. ಕುಮಾರಧಾರೆ ಮಳೆಗಾಲದಲ್ಲಿ ಇಲ್ಲಿ ಕೆಂಪಗೆ ತುಂಬಿ ಹರಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ದಕ್ಷಿಣಕ್ಕೆ ತಿರುಗಿದರೆ ಸುಳ್ಯ, ಪಯಸ್ವಿನಿಯ ದಡ. ಅರ್ಥಗಾರಿಕೆಯ ಲೋಕದಲ್ಲಿ ಸುಳ್ಯ ಸೀಮೆಗೆ ದೊಡ್ಡ ಹೆಸರಿದೆ. ಚೊಕ್ಕಾಡಿಯ ದೇರಾಜೆ ಸೀತಾರಾಮಯ್ಯನವರು ಈ ತಾಲ್ಲೂಕಿನವರು. ಕೇರಳದ ಗಡಿ ದಾಟಿದರೆ ಸಿಗುವ ದೇಲಂಪಾಡಿಯ ಬನಾರಿಯಲ್ಲಿ ಕೀರಿಕ್ಕಾಡು ವಿಷ್ಣು ಭಟ್ಟರು ಕಲಾ ಸಂಘ ಕಟ್ಟಿ ಅನೇಕರನ್ನು ತಯಾರು ಮಾಡಿದರು. ಜನ ಅವರನ್ನು ಕರೆಯುತ್ತಿದ್ದುದೇ ‘ಕೀರಿಕ್ಕಾಡು ಮಾಸ್ತರ್’ ಎಂದು. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿ, ರಾವಣ, ಮಾಗಧರನ್ನು ಕೇಳಿದವರು ಇಂದಿಗೂ ನೆನೆಯುತ್ತಾರೆ. ಸಂಪಾಜೆಯ ಜಬ್ಬಾರ್ ಸಮೋ ಅವರ ಅರ್ಥಕ್ಕೂ ಜನ ಕಾದು ಕೂರುತ್ತಾರೆ. ಪುರಾಣ ಓದಿದವನದು, ಹುಟ್ಟಿನಿಂದ ಬರುವುದಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇಂಥವರ ಕೂಟಗಳಲ್ಲಿ ‘ಇದು ಈ ಪಾತ್ರಕ್ಕೆ ಹೇಗೆ ಗೊತ್ತಾಯಿತು?’ ಎಂಬುದು ದೊಡ್ಡ ಅಸ್ತ್ರ. ವಾಲಿಯನ್ನೇ ನೋಡಿ. ರಾಮನ ವಿಷಯ ಅವನಿಗೆ ಗೊತ್ತೇ? ಗೊತ್ತು. ವಾಲ್ಮೀಕಿ ರಾಮಾಯಣದಲ್ಲಿ ತಾರೆ ಅವನನ್ನು ತಡೆದು, ಸುಗ್ರೀವನಿಗೆ ರಾಮನ ಸ್ನೇಹ ಒದಗಿದೆ ಎನ್ನುತ್ತಾಳೆ. ಅವಳಿಗೆ ಹೇಳಿದವನು ಅಂಗದ, ಅಂಗದನಿಗೆ ತಿಳಿಸಿದವರು ಗೂಢಚಾರರು. ಸುದ್ದಿ ಬಂದ ದಾರಿ ಸ್ಪಷ್ಟವಾಗಿದೆ. ಆದರೆ ರಾಮ ಮರೆಯಲ್ಲಿ ನಿಂತು ಬಾಣ ಬಿಡುತ್ತಾನೆಂಬುದು ವಾಲಿಗೆ ಗೊತ್ತಿಲ್ಲ. ಅದಕ್ಕೇ ಬಿದ್ದ ಮೇಲೆ ಅವನು ಕೇಳುವ ಪ್ರಶ್ನೆಗಳಿಗೆ ಅಷ್ಟು ಕಾವು.

ರಾವಣನ ವಿಷಯ ಇನ್ನೂ ತೊಡಕಿನದು. ಅವನು ವೈಕುಂಠದ ದ್ವಾರಪಾಲಕ ಜಯನೇ ಶಾಪದಿಂದ ಹುಟ್ಟಿದವನು ಎಂದು ಪುರಾಣ ಹೇಳುತ್ತದೆ. ಅದು ರಾವಣನಿಗೆ ನೆನಪಿದೆಯೇ? ಇದೆ ಎಂದರೆ ಅವನ ಹಗೆ ಮೋಕ್ಷಕ್ಕೆ ಹಿಡಿದ ಒಳದಾರಿಯಾಗುತ್ತದೆ. ಇಲ್ಲ ಎಂದರೆ ಅವನು ತನ್ನ ಬಲವನ್ನೇ ನಂಬಿ ಕೆಟ್ಟ ಅರಸ. ಅರ್ಥಧಾರಿ ಯಾವುದನ್ನಾದರೂ ಆರಿಸಿಕೊಳ್ಳಲಿ, ಬೆಳಗಿನ ತನಕ ಅದಕ್ಕೇ ಬದ್ಧನಾಗಿರಬೇಕು.

ಎಲ್ಲ ಕವಿಗಳೂ ಗುಟ್ಟನ್ನು ಒಬ್ಬರ ಕೈಗೇ ಕೊಟ್ಟಿಲ್ಲ ಎಂಬುದು ಇನ್ನೊಂದು ಸೂಕ್ಷ್ಮ. 10ನೇ ಶತಮಾನದ ಪಂಪನ ಭಾರತದಲ್ಲಿ ಕರ್ಣನ ಹುಟ್ಟಿನ ರಹಸ್ಯ ದುರ್ಯೋಧನನಿಗೆ ಸತ್ಯಂತಪನೆಂಬ ಮುನಿಯಿಂದ ಮೊದಲೇ ತಿಳಿದಿರುತ್ತದೆ. ಅವನು ಅದನ್ನು ಗೆಳೆಯನಿಂದ ಮುಚ್ಚಿಡುತ್ತಾನೆ. ಹಾಗಾದರೆ ಆ ಸ್ನೇಹದ ಬಣ್ಣವೇ ಬೇರೆಯಾಯಿತು. ಯಕ್ಷಗಾನ ಪ್ರಸಂಗಗಳು ಹೆಚ್ಚಾಗಿ ನಡೆಯುವುದು 15ನೇ ಶತಮಾನದ ಕುಮಾರವ್ಯಾಸನ ಜಾಡಿನಲ್ಲಿ. ಒಂದು ರಾತ್ರಿಯ ಕೂಟದಲ್ಲಿ ಇಬ್ಬರು ಎರಡು ಗ್ರಂಥ ಹಿಡಿದು ಹೊರಟರೆ ಪೇಚಾಟ ತಪ್ಪದು. ಆದ್ದರಿಂದ ಅಂದಿನ ಪ್ರಸಂಗಕರ್ತನೇ ಪ್ರಮಾಣ, ಪದ ಹಾಡುವ ಭಾಗವತರೇ ನಿರ್ದೇಶಕರು. ಬೇರೆ ಗ್ರಂಥದಲ್ಲಿ ಕಂಡ ಸ್ವಾರಸ್ಯವನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳುವ ಸಂಯಮವೂ ಪಾಂಡಿತ್ಯದ ಒಂದು ಭಾಗ.

ಹಳ್ಳಿಯ ಚಾವಡಿಯ ಈ ನಿಯಮ ದೂರದ ಅಮೆರಿಕದಲ್ಲೂ ಬೇರೆ ವೇಷದಲ್ಲಿ ಕಾಣುತ್ತದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಹೊರತಂದರು. ಮೇಜಿನ ಸುತ್ತ ಕುಳಿತವರು ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ ಮಾತಿನಲ್ಲೇ ಕತೆ ಬೆಳೆಸುವ ಆಟ ಅದು. ಒಬ್ಬನು ಆಟದ ಲೋಕದ ಗುಟ್ಟುಗಳನ್ನೆಲ್ಲ ಇಟ್ಟುಕೊಂಡು ಭಾಗವತರಂತೆ ಕತೆ ನಡೆಸುತ್ತಾನೆ. ಇಂದು ಮಕ್ಕಳು ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ದೂರದ ಗೆಳೆಯರೊಡನೆ ಆಡುವ ಅದ್ಭುತ ಲೋಕದ ಪಾತ್ರಾಟಗಳು ಅದರ ಸಂತತಿ. ಅಲ್ಲಿಯೂ ಆಡುವವನಿಗೆ ಗೊತ್ತಿರುವುದು ಬೇರೆ, ಪಾತ್ರಕ್ಕೆ ಗೊತ್ತಿರುವುದು ಬೇರೆ ಎಂಬುದೇ ಮರ್ಯಾದೆ. ಗುಹೆಯಲ್ಲಿ ಏನಿದೆ ಎಂದು ಪುಸ್ತಕದಲ್ಲಿ ಓದಿಕೊಂಡು ಬಂದು, ಆ ಗುಹೆಯನ್ನೇ ಕಾಣದ ಪಾತ್ರದ ಬಾಯಲ್ಲಿ ಹೇಳಿಸಿದವನು ಕರ್ಣನಾಗಿ ಕುಳಿತ ನಮ್ಮ ಹುಡುಗನ ಜೊತೆಗಾರ.

ವಿದ್ಯಾರ್ಥಿಗಳು ಇದನ್ನು ತಮ್ಮ ಪ್ರಯೋಗಶಾಲೆಯಲ್ಲೂ ಕಾಣಬಹುದು. ಕೊಟ್ಟ ಲವಣ ಯಾವುದೆಂದು ಅಧ್ಯಾಪಕರಿಗೆ ಗೊತ್ತು. ವಿದ್ಯಾರ್ಥಿಗೆ ಗೊತ್ತಿಲ್ಲ. ದ್ರಾವಣಕ್ಕೆ ಅಮೋನಿಯಾ ಹಾಕಿದಾಗ ಕಡು ನೀಲಿ ಬಂತು, ಆದ್ದರಿಂದ ತಾಮ್ರ. ಬೇರಿಯಂ ಕ್ಲೋರೈಡ್ ಹಾಕಿದಾಗ ಆಮ್ಲದಲ್ಲಿ ಕರಗದ ಬಿಳಿ ಗಸಿ ಬಂತು, ಆದ್ದರಿಂದ ಸಲ್ಫೇಟ್. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ತಾಮ್ರದ ಸಲ್ಫೇಟ್ ಎಂಬ ಉತ್ತರಕ್ಕೆ ಬರಬೇಕು. ಪಕ್ಕದ ಮೇಜಿನವನ ಹತ್ತಿರ ಉತ್ತರ ಕೇಳಿಕೊಂಡು, ಅದಕ್ಕೆ ಹೊಂದುವಂತೆ ವೀಕ್ಷಣೆಗಳನ್ನು ಹಿಂದಿನಿಂದ ಬರೆದವನ ಉತ್ತರ ಸರಿಯಿರುತ್ತದೆ. ಆದರೆ ಅವನಿಗೆ ಗೊತ್ತಾದದ್ದು ಏನೂ ಇಲ್ಲ.

ಇಂದಿನ ಎಳೆಯ ಅರ್ಥಧಾರಿಗಳಿಗೂ ಇದೇ ಅಪಾಯ. ಹಿರಿಯರ ಕೂಟಗಳ ಧ್ವನಿಮುದ್ರಣಗಳು ಈಗ ಬೆರಳ ತುದಿಯಲ್ಲಿವೆ. ಕೇಳಿ ಕಲಿಯುವುದು ಒಳ್ಳೆಯದೇ. ಆದರೆ ಒಬ್ಬ ಕರ್ಣನ ಮಾತನ್ನು ಉಸಿರು ಸಹಿತ ಬಾಯಿಪಾಠ ಮಾಡಿ ಬಂದವನು, ಎದುರಿನ ಕೃಷ್ಣ ಬೇರೆ ಪ್ರಶ್ನೆ ಕೇಳಿದರೂ ಅದೇ ಉತ್ತರ ಕೊಡುತ್ತಾನೆ. ಕೇಳದ ಪ್ರಶ್ನೆಗೆ ಉತ್ತರ ಬರುತ್ತದೆ, ಕೇಳಿದ್ದಕ್ಕೆ ಬರುವುದಿಲ್ಲ. ಹೀಗೇ ನಡೆದರೆ ಪದ ಉಳಿದೀತು, ಮದ್ದಳೆ ಉಳಿದೀತು, ಎದುರಿನವನ ಮಾತನ್ನು ಕೇಳಿ ಯೋಚಿಸಿ ಆಡುವ ಮಾತು ಉಳಿಯದು. ತಾಳಮದ್ದಳೆಯ ಜೀವ ಇರುವುದು ಅಲ್ಲಿಯೇ. ಮನೆಗಳಲ್ಲೂ ಅಷ್ಟೇ. ಮಗು ‘ಏಕೆ’ ಎಂದು ಕೇಳುವ ಮೊದಲೇ ಉತ್ತರವನ್ನು ಬಾಯಿಪಾಠ ಮಾಡಿಸುವ ಅವಸರ ಪಾಲಕರಿಗೆ ಇರುತ್ತದೆ. ಪರೀಕ್ಷೆಯಲ್ಲಿ ಅಂಕ ಬಂದೀತು, ಪ್ರಶ್ನೆಯೇ ಹುಟ್ಟದ ಮನಸ್ಸು ಮುಂದೆ ಏನು ಮಾಡೀತು?

ಈ ಮಳೆಗಾಲದಲ್ಲಿ ಪುತ್ತೂರು, ಸುಳ್ಯ, ಕಡಬದ ಯಾವುದಾದರೂ ಕೂಟಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಬಹುದು. ಟಿಕೆಟಿನ ರಗಳೆ ಸಾಮಾನ್ಯವಾಗಿ ಇಲ್ಲ; ಒಂದು ಕೊಡೆ, ಎರಡು ಮೂರು ಗಂಟೆಗಳ ತಾಳ್ಮೆ ಇದ್ದರೆ ಸಾಕು. ಮೊದಲ ಸಲ ತಪ್ಪಿದ ಹುಡುಗ ಎರಡನೆಯ ಸಲ ಅದೇ ಪಾತ್ರಕ್ಕೆ ಕುಳಿತಿರಬಹುದು. ಈ ಬಾರಿ ಅವನು ಪೀಠಿಕೆಯಲ್ಲಿ ತಾಯಿ ರಾಧೆಯ ಹೆಸರನ್ನೇ ಹೇಳುತ್ತಾನೆ. ಕೃಷ್ಣ ಗುಟ್ಟನ್ನು ಬಿಡಿಸಿ ಹೇಳಿ ಮುಗಿಸುವವರೆಗೆ ಕಿವಿಗೊಡುತ್ತಾನೆ. ಆಮೇಲೆ ಕೂಡಲೇ ಮಾತನಾಡುವುದಿಲ್ಲ. ಹೊರಗೆ ಮಾಡಿನಿಂದ ನೀರು ಬೀಳುವ ಸದ್ದು ಮಾತ್ರ ಕೇಳುತ್ತದೆ. ಕತೆ ಬಲ್ಲ ಹಿಂದಿನ ಸಾಲಿನವರೂ, ಕರ್ಣ ಈಗ ಏನು ಹೇಳುತ್ತಾನೋ ಎಂದು ಮುಂದಕ್ಕೆ ಬಾಗಿ ಕುಳಿತಿರುತ್ತಾರೆ.