ಏನಾಗೈತೆ ಅಂತ ಕೇಳೋ ಜಾಗ

ನಮ್ಮವ್ವನಿಗೆ ಓದು ಬರೋದಿಲ್ಲ. ಆದರೂ ಸರ್ಕಾರಿ ಆಸ್ಪತ್ರೆಯ ಚೀಟಿಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿಗೆ ತುಂಬಿ, ಟ್ರಂಕಿನೊಳಗೆ ರೇಷನ್ ಕಾರ್ಡಿನ ಜೊತೆ ಇಟ್ಟಿದ್ದಾಳೆ. ವಾಸಿಯಾದ ಕಾಯಿಲೆ ಚೀಟಿ ಯಾಕವ್ವ ಎಂದರೆ, "ಇರ್ಲಿ ಬಿಡ್ಲಾ, ನನ್ ಹೆಸ್ರು ಬರ್ದವ್ರೆ" ಅನ್ನುತ್ತಾಳೆ. ಒಂದು ಸಲ ತಾನಾಗೇ ಹೇಳಿದಳು: "ಊರಾಗೆ ಹೋದ್ರೆ ಯಾರ ಪೈಕಿ ಅಂತ ಕೇಳ್ತಾರೆ. ಆಸ್ಪತ್ರೇಲಿ ಏನಾಗೈತೆ ಅಂತ ಕೇಳ್ತಾರೆ."

ಈ ಮಾತು ಪೂರ್ತಿ ನಿಜ ಅಲ್ಲ ಅಂತ ನನಗೂ ಗೊತ್ತು, ಅವಳಿಗೂ ಗೊತ್ತು. ನನ್ನನ್ನು ಹೆರುವಾಗ ಬಂದಾಕೆ ಅವಳನ್ನು ಬರಿಗೈಲಿ ಮುಟ್ಟಲಿಲ್ಲವಂತೆ, ಸೆರಗು ಅಡ್ಡ ಇಟ್ಟುಕೊಂಡು ಮುಟ್ಟಿದಳಂತೆ. ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ' ಬರಹದಲ್ಲಿ 1929ರ ಡಿಸೆಂಬರಿನ 'ಯಂಗ್ ಇಂಡಿಯಾ'ದಲ್ಲಿ ಬಂದ ಒಂದು ಕಾಗದವನ್ನು ಎತ್ತಿ ಕೊಟ್ಟಿದ್ದಾರೆ. ಬರೆದವನು ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಮೇಷ್ಟ್ರು. ಹೆಂಡತಿ ಬಾಣಂತಿ, ಉಸಿರು ಸಿಕ್ಕಿಕೊಂಡಿದೆ. ಡಾಕ್ಟರು ಕೇರಿಯೊಳಗೆ ಕಾಲಿಡೋದಿಲ್ಲ ಅಂದ. ಎರಡು ರೂಪಾಯಿ ಫೀಸಿಗೆ ಜಾಮೀನು ಸಿಕ್ಕ ಮೇಲೆ ಕೇರಿಯ ಹೊರಗೆ ಕರೆತಂದರೆ ನೋಡುತ್ತೇನೆ ಅಂದ. ಎರಡು ದಿನದ ಬಾಣಂತಿಯನ್ನು ಹೊರಗೆ ತಂದರು. ಅವನು ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ, ಅವನು ಗಂಡನ ಕೈಗೆ ಕೊಟ್ಟ, ಗಂಡ ಹೆಂಡತಿಗೆ ಕೊಟ್ಟ. ಹೋದ ದಾರಿಯಲ್ಲೇ ಅದು ವಾಪಸ್ಸು ಬಂತು. ಆ ತಾಯಿ ಉಳಿಯಲಿಲ್ಲ.

ಹಾಗಾಗಿ ಅವ್ವನ ಮಾತು ನಡೆಯುತ್ತಿರುವ ಸತ್ಯ ಅಲ್ಲ, ಅವಳು ನಂಬಿಕೊಂಡಿರುವ ಒಂದು ಕಾನೂನು. ಈ ಲೋಕದಲ್ಲಿ ಒಂದಾದರೂ ಮನೆ ಇರಬೇಕು, ಅಲ್ಲಿ ಜಾತಿಗಿಂತ ಮೊದಲು ಗಾಯ ಕಾಣಬೇಕು ಅನ್ನೋ ಕಾನೂನು. ಅಂಥ ಮನೆಯ ಮೇಲೆ ಆಕಾಶದಿಂದ ಬಾಂಬು ಬಿದ್ದ ಕಥೆಯನ್ನು, ಆ ಕಥೆಯ ಮುಂದೆ ನಾನು ಸಣ್ಣವನಾದದ್ದನ್ನು ಇಲ್ಲಿ ಹೇಳಬೇಕು.

ಎಂ.ಎ. ಓದುವಾಗ ನಾನು ಒಂದು ಕವಿತೆ ಬರೆದಿದ್ದೆ, ಕುಂದೂಜ್ ಮೇಲೆ. ಅಫ್ಘಾನಿಸ್ತಾನದ ಕುಂದೂಜ್ ಊರಲ್ಲಿ 'ಗಡಿಗಳಿಲ್ಲದ ವೈದ್ಯರು' ಅನ್ನೋ ಸಂಸ್ಥೆ ಒಂದು ಆಸ್ಪತ್ರೆ ನಡೆಸುತ್ತಿತ್ತು. 2015ರ ಅಕ್ಟೋಬರ್ 3ರ ನಡುರಾತ್ರಿ ಕಳೆದ ಮೇಲೆ ಅಮೆರಿಕದ ಎಸಿ-130 ವಿಮಾನ ಸುಮಾರು ಒಂದು ಗಂಟೆ ಕಾಲ ಮತ್ತೆ ಮತ್ತೆ ಅದರ ಮೇಲೆ ಗುಂಡು ಸುರಿಯಿತು. ಇದು ಆಸ್ಪತ್ರೆ, ಇಂಥ ಜಾಗದಲ್ಲಿದೆ ಅಂತ ಮೊದಲೇ ಲೆಕ್ಕ ಸಮೇತ ತಿಳಿಸಿದ್ದರು. ದಾಳಿ ನಡೆಯುವಾಗಲೂ ಫೋನು ಮಾಡಿ ಕೂಗಿದರು. ಸತ್ತವರು 42 ಜನ: 24 ರೋಗಿಗಳು, 14 ಸಿಬ್ಬಂದಿ, ರೋಗಿಗಳನ್ನು ನೋಡಿಕೊಳ್ಳಲು ಬಂದಿದ್ದ 4 ಜನ. ಕೆಲವರು ಮಂಚದ ಮೇಲೇ ಸುಟ್ಟುಹೋದರು. ಅಮೆರಿಕ ತಪ್ಪಾಯಿತು ಅಂತು. 16 ಮಂದಿಗೆ ಶಿಸ್ತುಕ್ರಮ ಆಯಿತು. ಒಬ್ಬನೂ ಕ್ರಿಮಿನಲ್ ಕೋರ್ಟಿನ ಕಟಕಟೆ ಹತ್ತಲಿಲ್ಲ.

ಈ ಕವಿತೆಯನ್ನು ಕವಿಗೋಷ್ಠಿಯಲ್ಲಿ ಓದಿದಾಗ ಚಪ್ಪಾಳೆಯೋ ಚಪ್ಪಾಳೆ. ಸಾಮ್ರಾಜ್ಯಶಾಹಿ ಅನ್ನೋ ಪದಕ್ಕೆ ಸಭೆ ಎದ್ದು ಕೂತಿತು. ನಾನೂ ಉಬ್ಬಿಹೋದೆ.

ಆಮೇಲೆ ಎರಡನೆಯದೊಂದು ಬರೆದೆ, ಅಲೆಪ್ಪೊ ಮೇಲೆ. ಓದುವುದಕ್ಕೆ ಮೊದಲು ನಾನು ತುಂಬಾ ಗೌರವಿಸುವ ಒಬ್ಬ ಹಿರಿಯರಿಗೆ ತೋರಿಸಿದೆ. ಕನ್ನಡಕ ತೆಗೆದು ಅವರಂದರು: "ನೋಡಪ್ಪಾ, ಇದರ ಹಿಂದೆ ಅಮೆರಿಕದವರ ಪ್ರಚಾರ ಇರುತ್ತೆ. ಹುಷಾರಾಗಿರು. ನಮ್ಮ ಕೇರಿ ಹೆಂಗಸರಿಗೆ ಹೆರಿಗೆ ವಾರ್ಡಲ್ಲಿ ಮಂಚ ಇಲ್ಲ, ನಿನಗ್ಯಾಕೆ ಸಿರಿಯಾ?" ನಾನು ಮರುಮಾತಾಡಲಿಲ್ಲ. ಕವಿತೆ ಮಡಚಿ ಜೇಬಿಗಿಟ್ಟುಕೊಂಡೆ. ಅವತ್ತೂ ಕುಂದೂಜ್ ಕವಿತೆಯನ್ನೇ ಓದಿದೆ. ಚಪ್ಪಾಳೆ ಬಿತ್ತು.

ಹಿರಿಯರ ಎರಡನೆಯ ಮಾತಿನಲ್ಲಿ ನೋವಿತ್ತು, ಅದನ್ನು ತಳ್ಳಿಹಾಕಲಾರೆ. ಮೊದಲನೆಯ ಮಾತು ಮಾತ್ರ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಯಾಕೆ ಅಂತ ಹೇಳಬೇಕಾದರೆ ಅಲೆಪ್ಪೊದಲ್ಲಿ ನಡೆದದ್ದನ್ನು ಹೇಳಬೇಕು.

ಸಿರಿಯಾದಲ್ಲಿ 2011ರ ಮಾರ್ಚಿನಲ್ಲಿ ಜನ ಬೀದಿಗಿಳಿದರು. ಬಷರ್ ಅಲ್-ಅಸ್ಸಾದ್ ಸರ್ಕಾರ ಗುಂಡು ಹೊಡೆಸಿತು. ಗುಂಡು ತಿಂದವರು ಆಸ್ಪತ್ರೆಗೆ ಹೋದರೆ ಅಲ್ಲಿ ಪೊಲೀಸರು ಕಾಯುತ್ತಿದ್ದರು. 2012ರ ಜುಲೈನಲ್ಲಿ ಭಯೋತ್ಪಾದನೆ ತಡೆ ಅನ್ನೋ ಹೆಸರಲ್ಲಿ ಕಾನೂನು ಬಂತು. ಎದುರಾಳಿ ಕಡೆಯವನಿಗೆ ಬ್ಯಾಂಡೇಜು ಕಟ್ಟುವುದೇ ಅಪರಾಧವಾಯಿತು ಅಂತ ವಿಶ್ವಸಂಸ್ಥೆಯ ತನಿಖಾ ಆಯೋಗ 2013ರಲ್ಲಿ ಬರೆಯಿತು. ಗೆಳೆಯರೇ, ಇದನ್ನು ನಿಧಾನವಾಗಿ ಓದಿ. ಬಾಂಬಿಗಿಂತ ಮೊದಲು ಬಂದದ್ದು ಕಾಗದ. ಡಾಕ್ಟರಾದವನು ಏನಾಗೈತೆ ಅಂತ ಕೇಳಬಾರದು, ಯಾರ ಪೈಕಿ ಅಂತ ಕೇಳಬೇಕು. ಇಷ್ಟೇ ಆ ಕಾಗದದ ಅರ್ಥ.

ಅದೇ 2012ರಲ್ಲಿ ಅಲೆಪ್ಪೊ ಊರು ಎರಡು ಹೋಳಾಯಿತು. ಪೂರ್ವ ಬಂಡುಕೋರರ ಕೈಲಿ, ಪಶ್ಚಿಮ ಸರ್ಕಾರದ ಕೈಲಿ. ಪೂರ್ವದ ಮೇಲೆ ಹೆಲಿಕಾಪ್ಟರುಗಳು ಪೀಪಾಯಿಗೆ ಸಿಡಿಮದ್ದು, ಕಬ್ಬಿಣದ ಚೂರು ತುಂಬಿ ಕೆಳಕ್ಕೆ ಉರುಳಿಸುತ್ತಿದ್ದವು. 2015ರ ಸೆಪ್ಟೆಂಬರಿನಿಂದ ರಷ್ಯಾದ ವಿಮಾನಗಳೂ ಸೇರಿಕೊಂಡವು. ಅಲ್ಲಿನ ಡಾಕ್ಟರುಗಳು ಆಸ್ಪತ್ರೆಗಳ ಹೆಸರು ಮುಚ್ಚಿಟ್ಟು ಎಂ-1, ಎಂ-2, ಎಂ-10 ಅಂತ ಗುಟ್ಟಿನ ನಂಬರು ಕೊಟ್ಟರು. ವಾರ್ಡುಗಳನ್ನು ನೆಲಮಾಳಿಗೆಗೆ ಇಳಿಸಿದರು.

ಪೂರ್ವ ಅಲೆಪ್ಪೊದ ಸುಕ್ಕರಿ ಬಡಾವಣೆಯಲ್ಲಿ ಅಲ್-ಕುದ್ಸ್ ಅಂತ 34 ಹಾಸಿಗೆಯ ಒಂದು ಆಸ್ಪತ್ರೆ. 8 ಜನ ಡಾಕ್ಟರು, 28 ಜನ ನರ್ಸುಗಳು. ಆಗ ಪೂರ್ವದಲ್ಲಿ ಉಳಿದಿದ್ದ ಜನ ಸುಮಾರು ಎರಡೂವರೆ ಲಕ್ಷ. ಅಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದವರು ಮಕ್ಕಳ ಡಾಕ್ಟರು ಮುಹಮ್ಮದ್ ವಸೀಂ ಮಾಜ್. ವಯಸ್ಸು 36. ಹಗಲು ಮಕ್ಕಳ ಆಸ್ಪತ್ರೆಯಲ್ಲಿ ದುಡಿದು, ರಾತ್ರಿ ಇಲ್ಲಿಗೆ ಬರುತ್ತಿದ್ದರು. ಆ ಕಡೆ ಉಳಿದಿದ್ದ ಕೊನೆಯ ಕೆಲವೇ ಮಕ್ಕಳ ಡಾಕ್ಟರುಗಳಲ್ಲಿ ಒಬ್ಬರು. ಅಪ್ಪ ಅವ್ವ ಟರ್ಕಿಯಲ್ಲಿದ್ದರು. ಅವರ ಮುಖ ನೋಡಿ ನಾಲ್ಕು ತಿಂಗಳಾಗಿತ್ತು, ಇಷ್ಟರಲ್ಲೇ ಹೋಗಿ ಬರಬೇಕು ಅಂದುಕೊಂಡಿದ್ದರು ಅಂತ ಅವರ ಮೇಲಿನ ಡಾಕ್ಟರು ಆಮೇಲೆ ಕಾಗದ ಬರೆದರು.

2016ರ ಏಪ್ರಿಲ್ 27ರ ರಾತ್ರಿ ಆಸ್ಪತ್ರೆಯ ಮೇಲೆ ವಿಮಾನದಾಳಿ ಆಯಿತು. ಆ ರಾತ್ರಿಯ ಕ್ಯಾಮರಾ ಚಿತ್ರ ಉಳಿದಿದೆ. ಡಾಕ್ಟರು ಮಾಜ್ ಕೋಣೆಯಿಂದ ಓಣಿಗೆ ಬಂದು ನಡೆದುಹೋಗುತ್ತಾರೆ. ಸ್ವಲ್ಪ ಹೊತ್ತಿಗೆಲ್ಲ ಚಿತ್ರದ ತುಂಬಾ ದೂಳು. ಮೊದಲ ದಿನ ಲೆಕ್ಕ ಸಿಕ್ಕಿದ್ದು 14 ಹೆಣ. ಕಲ್ಲು ಎತ್ತಿದಂತೆಲ್ಲ ಹೆಣ ಸಿಕ್ಕಿ, ಕೊನೆಗೆ ಸತ್ತವರು 55 ಅಂತ ಗಡಿಗಳಿಲ್ಲದ ವೈದ್ಯರು ಹೇಳಿದರು. ರೋಗಿಗಳು, ನೆಂಟರು, ಅಕ್ಕಪಕ್ಕದ ಮನೆಯವರು, ಆಸ್ಪತ್ರೆಯಲ್ಲಿ ದುಡಿಯುತ್ತಿದ್ದವರು. ಬಂಡುಕೋರರ ಹತ್ತಿರ ವಿಮಾನ ಇರಲಿಲ್ಲ. ಸಿರಿಯಾ ಸರ್ಕಾರ ನಾನಲ್ಲ ಅಂತು. ರಷ್ಯಾ ನಾನಲ್ಲ ಅಂತು.

ಇನ್ನು ಮುಂದಿನ ಆರು ದಿನ ನೋಡಿ. ಏಪ್ರಿಲ್ 29ಕ್ಕೆ ಅಮೆರಿಕ ಕುಂದೂಜ್ ವರದಿ ಹೊರಗೆ ಬಿಟ್ಟು, ಅದು ಯುದ್ಧಾಪರಾಧ ಅಲ್ಲ, ಬೇಕಂತ ಮಾಡಿದ್ದಲ್ಲ ಅಂತು. ಮೇ 3ಕ್ಕೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಆಸ್ಪತ್ರೆಗಳನ್ನು ಹೊಡೆಯಬಾರದು ಅಂತ 2286ನೇ ಠರಾವು ಮಾಡಿತು. ಕೈ ಎತ್ತದವರು ಒಬ್ಬರೂ ಇಲ್ಲ. ಗಡಿಗಳಿಲ್ಲದ ವೈದ್ಯರ ಅಧ್ಯಕ್ಷೆ ಜೋನ್ ಲಿಯು ಅದೇ ಸಭೆಯಲ್ಲಿ ನಿಂತು, ಐದು ಕಾಯಂ ಸದಸ್ಯರಲ್ಲಿ ನಾಲ್ವರು ಆಸ್ಪತ್ರೆಗಳನ್ನು ಹೊಡೆದ ಕೂಟಗಳ ಜೊತೆ ಒಂದಲ್ಲ ಒಂದು ರೀತಿ ಇದ್ದವರೇ ಅಂತ ಮುಖಕ್ಕೆ ಹೇಳಿದರು. ಅದೇ ಮೇ 3ರಂದು ಪಶ್ಚಿಮ ಅಲೆಪ್ಪೊದ ಒಂದು ಹೆರಿಗೆ ಆಸ್ಪತ್ರೆ ರಾಕೆಟ್ಟಿಗೆ ಸಿಕ್ಕಿತು. ಅದು ಬಂಡುಕೋರರ ಕಡೆಯಿಂದ ಬಂದದ್ದು ಅಂತ ವರದಿ. ಬಂಡಾಯ ಅನ್ನೋ ಪದವನ್ನು ಎದೆಗೆ ಹಚ್ಚಿಕೊಂಡ ನಮಗೆ ಇದೂ ಗೊತ್ತಿರಬೇಕು. ಬಂಡೆದ್ದವನು ಅಂದ ಮಾತ್ರಕ್ಕೆ ಅವನು ಎಸೆದದ್ದು ಬಾಣಂತಿಯ ಮೇಲೆ ಹೂವಾಗಿ ಬೀಳೋದಿಲ್ಲ.

ಗಾಯಾಳು ಯಾವ ದೇಶದವನಾದರೂ ಎತ್ತಿ ತಂದು ನೋಡಬೇಕು ಅಂತ ಜಿನೀವಾದಲ್ಲಿ ಮೊದಲ ಒಪ್ಪಂದವಾದದ್ದು 1864ರಲ್ಲಿ. ಊರ ಜನರ ಆಸ್ಪತ್ರೆಗಳನ್ನು ಮುಟ್ಟಬಾರದು ಅಂತ ಬರೆದದ್ದು 1949ರ ನಾಲ್ಕನೇ ಒಪ್ಪಂದದಲ್ಲಿ. ಆಸ್ಪತ್ರೆಯನ್ನೇ ಶತ್ರುವಿಗೆ ಏಟು ಹಾಕಲು ಬಳಸಿದರೆ ಮಾತ್ರ ಆ ರಕ್ಷಣೆ ಹೋಗುತ್ತೆ, ಅದೂ ಮೊದಲು ಎಚ್ಚರಿಕೆ ಕೊಟ್ಟು, ಸಮಯ ಕೊಟ್ಟ ಮೇಲೆ. ಅಲ್ಲಿ ಶತ್ರು ಸೈನಿಕ ಮಲಗಿದ್ದಾನೆ ಅನ್ನೋದು ಕಾರಣವೇ ಅಲ್ಲ. ಅವ್ವ ಹೇಳಿದ್ದನ್ನೇ ದೊಡ್ಡವರು ದೊಡ್ಡ ಕಾಗದದಲ್ಲಿ ಬರೆದಿದ್ದಾರೆ.

ವಿಳಾಸದ ಮಾತೂ ಒಂದಿದೆ. ಹೊಡೆಯದಿರಲಿ ಅಂತ ಸಿರಿಯಾದ ಆಸ್ಪತ್ರೆಗಳು ತಾವಿರುವ ಜಾಗದ ಗುರುತನ್ನು ವಿಶ್ವಸಂಸ್ಥೆಗೆ ಕೊಟ್ಟವು. ವಿಶ್ವಸಂಸ್ಥೆ ಅದನ್ನು ಯುದ್ಧ ಮಾಡುವವರಿಗೆ, ರಷ್ಯಾಕ್ಕೂ, ಕೊಟ್ಟಿತು. 2019ರ ಮೇ 5ರಿಂದ 6ರವರೆಗಿನ 12 ಗಂಟೆಯೊಳಗೆ ಇದ್ಲಿಬ್ ಕಡೆಯ ನಾಲ್ಕು ಆಸ್ಪತ್ರೆಗಳ ಮೇಲೆ ಬಾಂಬು ಬಿತ್ತು. ಕಫ್ರ್ ನಬ್ಲ್ ಆಸ್ಪತ್ರೆಗೆ ನಾಲ್ಕು ಸಲ ಬಿತ್ತು. ರಷ್ಯಾದ ಪೈಲಟ್‌ಗಳ ರೇಡಿಯೋ ಮಾತು ಹಿಡಿದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಆ ಅಕ್ಟೋಬರಿನಲ್ಲಿ ಬಯಲು ಮಾಡಿತು. ರಷ್ಯಾ ಆಗಲೂ ಅಲ್ಲಗಳೆಯಿತು.

ಕಾಲೇಜಿನ ಫಾರಂನಲ್ಲಿ ವಿಳಾಸ ಬರೆಯುವಾಗ 'ಅಂಬೇಡ್ಕರ್ ಕಾಲೋನಿ' ಅನ್ನೋ ಪದದ ಹತ್ತಿರ ನನ್ನ ಪೆನ್ನು ನಿಲ್ಲುತ್ತಿತ್ತು. ವಿಳಾಸ ಹೇಳಿದ ಮೇಲೆ ಎದುರಿನವರ ಕಣ್ಣು ಬದಲಾಗೋದು ಗೊತ್ತಿತ್ತು. ನನ್ನ ಈ ಅಳುಕನ್ನು ಅವರ ಸಾವಿನ ಪಕ್ಕ ಇಟ್ಟು ತೂಗೋ ಅಹಂಕಾರ ನನಗಿಲ್ಲ. ಆದರೆ ಕಾಪಾಡಿ ಅಂತ ಕೊಟ್ಟ ವಿಳಾಸವೇ ಗುರಿಯಾಗೋದು ಅಂದರೆ ಏನು ಅಂತ ನನ್ನ ಮೈಗೆ ಸ್ವಲ್ಪ ಅರ್ಥವಾಗುತ್ತೆ.

ಕಳೆದ ಮಳೆಗಾಲ ಅವ್ವನನ್ನು ಆಸ್ಪತ್ರೆಗೆ ಸೇರಿಸಿ ಹನ್ನೆರಡು ದಿನ ಇದ್ದೆ. ರಾತ್ರಿ ವರಾಂಡದಲ್ಲಿ ಚಾಪೆ. ನಿದ್ದೆ ಬಾರದೆ ಅವಳ ಮಂಚದ ಪಕ್ಕ ಕೂತು ಮೊಬೈಲಿನಲ್ಲಿ 'ಫಾರ್ ಸಮಾ' ಸಿನಿಮಾ ನೋಡುತ್ತಿದ್ದೆ. 2019ರದು. ಅಲ್-ಕುದ್ಸ್ ಆಸ್ಪತ್ರೆ ನಡೆಸುತ್ತಿದ್ದ ಡಾಕ್ಟರು ಹಮ್ಜಾ ಅವರ ಹೆಂಡತಿ ವಾದ್ ಅಲ್-ಕತೀಬ್ ಕ್ಯಾಮರಾ ಹಿಡಿದು, ತನ್ನ ಕೂಸು ಸಮಾಳಿಗೆ ಹೇಳಿದಂತೆ ಮಾಡಿದ್ದು. ಅದರಲ್ಲಿ ಗಾಯಗೊಂಡ ಒಂಬತ್ತು ತಿಂಗಳ ಬಸುರಿಯ ಹೊಟ್ಟೆ ಕೊಯ್ದು ಮಗು ತೆಗೆಯುತ್ತಾರೆ. ಮಗು ಉಸಿರಾಡೋದಿಲ್ಲ. ಬೆನ್ನು ಉಜ್ಜುತ್ತಾರೆ, ತಲೆಕೆಳಗೆ ಹಿಡಿದು ಬಡಿಯುತ್ತಾರೆ. ನಾನು ಮೊಬೈಲ್ ತಿರುಗಿಸಿಕೊಂಡೆ. ಅವ್ವ ಅಷ್ಟರಲ್ಲೇ ನೋಡಿದ್ದಳು.

"ಏನಾಯ್ತ್ಲಾ ಆ ಮಗೀಗೆ?"

ಯಾವ ದೇಶ ಅನ್ನಲಿಲ್ಲ, ಯಾವ ಧರ್ಮ ಅನ್ನಲಿಲ್ಲ, ಬಾಂಬು ಹಾಕಿದೋರು ಯಾರು, ನಮ್ಮ ಕಡೆಯೋರಾ ಅನ್ನಲಿಲ್ಲ. ಪಕ್ಕದ ಮಂಚದ ಮುದುಕಿಯೂ ಬಗ್ಗಿದಳು. ಮೂವರೂ ನೋಡಿದೆವು. ಮಗು ಕಣ್ಣು ಬಿಟ್ಟು ಅತ್ತಿತು. "ಬದುಕ್ತು ಕಣವ್ವಾ" ಅಂದಳು ಮುದುಕಿ. ಅವ್ವ ಕೈ ಮುಗಿದಳು.

ಜೇಬಿಗೆ ಸೇರಿದ ಆ ಕವಿತೆ ನನಗೆ ನೆನಪಾದದ್ದು ಆಗ. ನಾನು ಕುಂದೂಜಿಗೆ ಅತ್ತೆ, ಅಲೆಪ್ಪೊಗೆ ಜೇಬು ಮುಚ್ಚಿದೆ. ಗಾಯಕ್ಕಿಂತ ಮೊದಲು ವಿಮಾನ ಯಾರದು ಅಂತ ನೋಡಿದೆ. ಥರ್ಮಾಮೀಟರನ್ನು ಮೂರು ಕೈ ದಾಟಿಸಿ ಕೊಟ್ಟ ಆ ಡಾಕ್ಟರಿಗೂ ನನಗೂ ಅವತ್ತು ಏನು ವ್ಯತ್ಯಾಸ ಇತ್ತು? ಕೊಂದವರು ಯಾರು ಅಂತ ಕೇಳಲೇಬೇಕು, ಹೆಸರು ಹಿಡಿದು ಕೇಳಬೇಕು, ಕಟಕಟೆಗೆ ಎಳೆಯಬೇಕು. ಅದು ಆಮೇಲಿನ ಪ್ರಶ್ನೆ. ಅದನ್ನೇ ಮೊದಲ ಪ್ರಶ್ನೆ ಮಾಡಿಕೊಂಡರೆ ಸತ್ತವರಲ್ಲೂ ಮುಟ್ಟಬಹುದಾದವರು, ಮುಟ್ಟಬಾರದವರು ಅಂತ ಎರಡು ಕೇರಿ ಆಗುತ್ತೆ. ಹಾಗೆ ಕೇರಿ ಕಟ್ಟೋ ಕೆಲಸ ಇನ್ನು ಯಾರದಾದರೂ ಆಗಲಿ, ನಮ್ಮದಾಗಬಾರದು.

2016ರ ಡಿಸೆಂಬರಿನಲ್ಲಿ ಪೂರ್ವ ಅಲೆಪ್ಪೊ ಬಿತ್ತು. ಉಳಿದವರನ್ನು ಬಸ್ಸು ಹತ್ತಿಸಿ ಊರು ಬಿಡಿಸಿದರು. 2024ರ ಡಿಸೆಂಬರ್ 8ಕ್ಕೆ ಅಸ್ಸಾದ್ ದೇಶ ಬಿಟ್ಟು ಮಾಸ್ಕೋಗೆ ಓಡಿದ. ಆ ಯುದ್ಧದಲ್ಲಿ ಆಸ್ಪತ್ರೆಗಳ ಮೇಲೆ ಸುಮಾರು 600 ದಾಳಿ, 900ಕ್ಕೂ ಹೆಚ್ಚು ವೈದ್ಯ ಸಿಬ್ಬಂದಿಯ ಸಾವು ಅಂತ 'ಫಿಜಿಷಿಯನ್ಸ್ ಫಾರ್ ಹ್ಯೂಮನ್ ರೈಟ್ಸ್' ಸಂಸ್ಥೆ ಒಂದೊಂದಾಗಿ ಬರೆದಿಟ್ಟಿದೆ. ಅವ್ವ ಚೀಟಿ ಕೂಡಿಟ್ಟ ಹಾಗೆ.

ಹಿರಿಯರು ಕೇಳಿದ ಆ ಇನ್ನೊಂದು ಪ್ರಶ್ನೆಗೂ ಉತ್ತರ ಹೇಳುತ್ತೇನೆ. ನಮ್ಮ ಹೆಂಗಸರಿಗೆ ಹೆರಿಗೆ ವಾರ್ಡಲ್ಲಿ ಮಂಚ ಬೇಕು, ಅದಕ್ಕೆ ಧರಣಿ ಕೂರೋಣ, ನಾನು ಮೊದಲ ಸಾಲಿನಲ್ಲಿರುತ್ತೇನೆ. ಆ ಮಂಚ ಯಾಕೆ ಬೇಕೋ ಅದೇ ಕಾರಣಕ್ಕೆ ಸುಕ್ಕರಿಯ ಮಂಚವೂ ಉಳಿಯಬೇಕಿತ್ತು. ಮುಂದಿನ ಗೋಷ್ಠಿಯಲ್ಲಿ ಎರಡೂ ಕವಿತೆ ಓದುತ್ತೇನೆ. ಅವರೂ ಬರಬೇಕು. ಬಂದು ಮುಂದೆ ಕೂತುಕೊಂಡು, ತಪ್ಪಿದ್ದರೆ ಅಲ್ಲೇ ಹೇಳಬೇಕು.