ಲಜ್ಜೆ, ದಾಂಪತ್ಯ ಮತ್ತು ಔಷಧಿಯ ಎಚ್ಚರ

ಲಜ್ಜೆಯು ಈಮಾನಿನ ಒಂದು ಶಾಖೆಯೆಂದು ನಾವು ಮದ್ರಸಾದ ಮಕ್ಕಳಿಗೆ ಕಲಿಸುತ್ತೇವೆ. ಆದರೆ ಅನ್ಸಾರಿ ಮಹಿಳೆಯರ ಲಜ್ಜೆಯು ಅವರ ಜ್ಞಾನಾರ್ಜನೆಗೆ ಅಡ್ಡಿಯಾಗಲಿಲ್ಲವೆಂದು ಹಝ್ರತ್ ಆಯಿಶಾ(ರ) ಮೆಚ್ಚಿ ನುಡಿದುದನ್ನು ಹಿರಿಯರಾದ ನಾವು ಮರೆತುಬಿಡುತ್ತೇವೆ. ಆ ಧೈರ್ಯದಿಂದಲೇ ಇಂದು ಮಿಂಬರಿನ ಮೇಲೂ ಮನೆಯೊಳಗೂ ಯಾರೂ ಮಾತನಾಡದ ವಿಷಯವೊಂದನ್ನು, ಅಂದರೆ ಪುರುಷರ ನಿಮಿರುವಿಕೆಯ ದೌರ್ಬಲ್ಯ ಮತ್ತು ಅದರ ಔಷಧಿಯ ಬಗ್ಗೆ, ಬರೆಯುತ್ತಿದ್ದೇವೆ.

ಯಡಿಯೂರು ಬೆಂಗಳೂರು-ಮಂಗಳೂರು ಹೆದ್ದಾರಿಯ ಊರು. ಇಶಾ ನಮಾಝಿನ ಬಳಿಕ ಕೆಲವರು ನಮ್ಮ ಬಳಿ ತಗ್ಗಿದ ದನಿಯಲ್ಲಿ, "ಉಸ್ತಾದರೇ, ಯಾರೋ ಮಾಟ ಮಾಡಿಸಿದ್ದಾರೆ, ಒಂದು ತಾವೀಝ್ ಬೇಕು" ಎನ್ನುತ್ತಾರೆ. ವಿಚಾರಿಸಿದರೆ ಅವರಲ್ಲಿ ಹಲವರಿಗೆ ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಬೀಡಿಯ ಚಟವೋ ಇರುತ್ತದೆ. ದುಆ ಖಂಡಿತ ಮಾಡೋಣ. ಆದರೆ ಚಿಕಿತ್ಸೆ ಪಡೆಯಬೇಕೆಂದು ಕಲಿಸಿದವರೂ ಪ್ರವಾದಿಯವರೇ(ಸ) ಅಲ್ಲವೇ?

ನಮ್ಮ ಫಿಕ್‌ಹ್ ಗ್ರಂಥಗಳು ಈ ವಿಷಯದಲ್ಲಿ ಮೌನವಾಗಿಲ್ಲ. ಪತಿಗೆ ಇಂತಹ ಅಸಮರ್ಥತೆಯಿದೆಯೆಂದು ಪತ್ನಿ ಖಾಝಿಯ ಮುಂದೆ ಹೇಳಿಕೊಂಡರೆ, ಪತಿಗೆ ಒಂದು ವರ್ಷದ ಗಡುವು ನೀಡುವ ಕ್ರಮವನ್ನು ಹಝ್ರತ್ ಉಮರ್(ರ) ಅವರ ತೀರ್ಪಿನ ಆಧಾರದಲ್ಲಿ ಹನಫಿ, ಶಾಫಿಈ ವಿದ್ವಾಂಸರು ದಾಖಲಿಸಿದ್ದಾರೆ. ನಾಲ್ಕು ಋತುಗಳು ಕಳೆಯುವಷ್ಟರಲ್ಲಿ ಕಾಯಿಲೆ ವಾಸಿಯಾದೀತೆಂಬುದು ಅದರ ತರ್ಕ. ಎಂದರೆ ಪೂರ್ವಿಕರು ಇದನ್ನು ಅವಮಾನವೆಂದಲ್ಲ, ರೋಗವೆಂದೇ ಪರಿಗಣಿಸಿದರು. ಪತ್ನಿಯ ಹಕ್ಕನ್ನೂ ಕಾಪಾಡಿದರು. ಇಂದು ನಮ್ಮ ಕುಟುಂಬಗಳಲ್ಲಿ ನಡೆಯುವುದೇನು? ಪತಿಯ ಮೌನವನ್ನು ಕಾಯುತ್ತಾ ಬಂಜೆಯೆಂಬ ಅಪವಾದವನ್ನು ಹೊರುವವಳು ಆ ಬಡ ಹೆಣ್ಣುಮಗಳು.

ಈ ಮೌನವೇ ನಕಲಿ ವೈದ್ಯರ ಬಂಡವಾಳ. 2025ರ ನವೆಂಬರಿನಲ್ಲಿ ಬೆಂಗಳೂರಿನ ಜ್ಞಾನಭಾರತಿ ಠಾಣೆಗೆ ಯುವ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರು ದೂರು ಕೊಟ್ಟರು. ರಸ್ತೆಬದಿಯ ಡೇರೆಯಲ್ಲಿ ಲೈಂಗಿಕ ಸಮಸ್ಯೆಗೆ ಮದ್ದು ಕೊಂಡು ಸುಮಾರು 48 ಲಕ್ಷ ರೂಪಾಯಿ ಕಳೆದುಕೊಂಡುದಲ್ಲದೆ ಮೂತ್ರಪಿಂಡಕ್ಕೂ ಹಾನಿಯಾಯಿತೆಂಬುದು ಅವರ ದೂರು. ಇಂತಹ ಮದ್ದುಗಳ ಜಾಹೀರಾತನ್ನು 1954ರ ಕಾನೂನೇ ನಿಷೇಧಿಸಿದೆ. ಆದರೂ ಗೋಡೆಬರಹಗಳು ನಿಂತಿಲ್ಲ. 'ಗಿಡಮೂಲಿಕೆ' ಎಂದು ಮಾರುವ ಲೇಹ್ಯ, ಕ್ಯಾಪ್ಸೂಲ್‌ಗಳಲ್ಲಿ ಅಲೋಪಥಿಯ ಸಿಲ್ಡೆನಾಫಿಲ್ಲನ್ನೇ ಗುಟ್ಟಾಗಿ ಬೆರೆಸಿರುವುದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹಲವು ಬಾರಿ ಪತ್ತೆಹಚ್ಚಿದೆ.

ಈ ಸಿಲ್ಡೆನಾಫಿಲ್ ಮೂಲತಃ ಎದೆನೋವಿಗಾಗಿ ಸಂಶೋಧಿಸಿದ ಔಷಧಿ. 1998ರಲ್ಲಿ ವಯಾಗ್ರ ಎಂಬ ಹೆಸರಿನಿಂದ ಅಮೆರಿಕದಲ್ಲಿ ಅನುಮತಿ ಪಡೆಯಿತು. ಅದು ರಕ್ತನಾಳಗಳನ್ನು ಸಡಿಲಿಸಿ ರಕ್ತಸಂಚಾರವನ್ನು ಹೆಚ್ಚಿಸುತ್ತದೆ, ಆಸೆಯನ್ನು ಹುಟ್ಟಿಸುವುದಿಲ್ಲ. ವೈದ್ಯರು ಸಾಮಾನ್ಯವಾಗಿ 50 ಮಿಲಿಗ್ರಾಂ, ವೃದ್ಧರಿಗೆ 25 ಮಿಲಿಗ್ರಾಂ, ಮಿಲನಕ್ಕೆ ಸುಮಾರು ಒಂದು ಗಂಟೆ ಮುಂಚೆ, ದಿನಕ್ಕೆ ಒಂದೇ ಸಲ ಎಂದು ಬರೆದುಕೊಡುತ್ತಾರೆ. ಕೊಬ್ಬಿನ ಊಟದ ಮೇಲೆ ನುಂಗಿದರೆ ಪರಿಣಾಮ ತಡವಾಗುತ್ತದೆ. ಕೆಲಸ ಮಾಡಲಿಲ್ಲವೆಂದು ಎರಡನೆಯದನ್ನು ನುಂಗುವುದು ಅಪಾಯ.

ಎಲ್ಲಕ್ಕಿಂತ ದೊಡ್ಡ ಅಪಾಯವೊಂದಿದೆ. ಹೃದ್ರೋಗಿಗಳು ಎದೆನೋವು ಬಂದಾಗ ನಾಲಿಗೆಯಡಿಯಲ್ಲಿ ಇಡುವ ಸಾರ್ಬಿಟ್ರೇಟ್‌ನಂತಹ ನೈಟ್ರೇಟ್ ಔಷಧಿಗಳ ಜೊತೆ ಇದು ಸೇರಿದರೆ ರಕ್ತದೊತ್ತಡ ಹಠಾತ್ತನೆ ಕುಸಿದು ಪ್ರಾಣವೇ ಹೋಗಬಹುದು. ಸಿಲ್ಡೆನಾಫಿಲ್ ನುಂಗಿದ 24 ಗಂಟೆ, ಟಡಾಲಾಫಿಲ್ ನುಂಗಿದ 48 ಗಂಟೆಯೊಳಗೆ ನೈಟ್ರೇಟ್ ತಗಲಲೇಬಾರದು. ಮಾತ್ರೆ ನುಂಗಿದ ಮೇಲೆ ಎದೆನೋವು ಬಂದರೆ ಆಸ್ಪತ್ರೆಯಲ್ಲಿ ಮೊದಲು ಹೇಳಬೇಕಾದುದು ಅದನ್ನೇ. ಅಲ್ಲಿ ನಾಚಿಕೊಂಡು ಮುಚ್ಚಿಟ್ಟರೆ ವೈದ್ಯರು ನೈಟ್ರೇಟನ್ನೇ ಕೊಟ್ಟಾರು. ಪ್ರಾಸ್ಟೇಟ್ ಗ್ರಂಥಿಗೆ, ರಕ್ತದೊತ್ತಡಕ್ಕೆ ನುಂಗುವ ಮಾತ್ರೆಗಳ ಹೆಸರನ್ನೂ ತಿಳಿಸಬೇಕು. ನಿಮಿರುವಿಕೆ ನಾಲ್ಕು ಗಂಟೆ ಮೀರಿದರೆ ಅಥವಾ ದೃಷ್ಟಿ, ಶ್ರವಣ ಇದ್ದಕ್ಕಿದ್ದಂತೆ ಕುಂದಿದರೆ ತಕ್ಷಣ ಆಸ್ಪತ್ರೆಗೆ ಧಾವಿಸಬೇಕು.

ಆದ್ದರಿಂದ ಮಿತ್ರನ ಜೇಬಿನ ಮಾತ್ರೆ ನಿಮಗೆ ಮದ್ದಲ್ಲ. ಚೀಟಿಯಿಲ್ಲದೆ ಕೊಡುವ ಅಂಗಡಿಯವನು ಉಪಕಾರಿಯೂ ಅಲ್ಲ. ಭಾರತದಲ್ಲಿ ಇದನ್ನು ವೈದ್ಯರ ಚೀಟಿಯ ಮೇಲೆಯೇ ಮಾರಬೇಕು. ವೈದ್ಯವಿದ್ಯೆ ಅರಿಯದೆ ಚಿಕಿತ್ಸೆ ಮಾಡಿದವನು ಹಾನಿಗೆ ಹೊಣೆಗಾರನೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಕುಣಿಗಲ್‌ನಲ್ಲಿ ತಾಲ್ಲೂಕು ಆಸ್ಪತ್ರೆಯಿದೆ, ಬಿ.ಜಿ. ನಗರದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಅಲ್ಲಿ ಸಕ್ಕರೆ, ರಕ್ತದೊತ್ತಡ, ಹೃದಯವನ್ನು ಪರೀಕ್ಷಿಸಿಕೊಳ್ಳಿ. ಏಕೆಂದರೆ ಈ ದೌರ್ಬಲ್ಯವು ಅನೇಕರಲ್ಲಿ ಹೃದಯದ ಕಾಯಿಲೆಯು ಮುಂಗಡವಾಗಿ ಕಳುಹಿಸುವ ಓಲೆ. ಓಲೆಯನ್ನು ಹರಿದೆಸೆದರೆ ಕಾಯಿಲೆ ಬರುವುದು ನಿಲ್ಲದು. ಸಾಧ್ಯವಾದರೆ ಪತ್ನಿಯನ್ನೂ ಜೊತೆಗೆ ಕರೆದೊಯ್ಯಿರಿ. ದಂಪತಿಗಳು ಪರಸ್ಪರರ ಉಡುಪಾಗಿರುವುದು ಇಂತಹ ಸಮಯಕ್ಕಾಗಿಯೇ.

ದೇಹವು ಅಲ್ಲಾಹನು ನಮ್ಮ ಕೈಗಿತ್ತ ಅಮಾನತ್. ಅದನ್ನು ಅರಿವಿನಿಂದ ಕಾಪಾಡುವ, ರೋಗವನ್ನು ಯೋಗ್ಯರ ಮುಂದೆ ಹೇಳಿಕೊಳ್ಳುವ ಧೈರ್ಯವನ್ನು ಅವನು ನಮ್ಮೆಲ್ಲರಿಗೂ ಅನುಗ್ರಹಿಸಲಿ. ಆಮೀನ್.