ನಮ್ಮ ಮಕ್ಕಳ ಕೈಗೊಂದು ಕನ್ನಡ ಚಿತ್ರಪುಸ್ತಕ

ಮಕ್ಕಳ ಶಿಕ್ಷಣದ ಕುರಿತು ನಮ್ಮ ಸಮುದಾಯದಲ್ಲಿ ನಡೆಯುವ ಚರ್ಚೆಗಳು ಸಾಮಾನ್ಯವಾಗಿ ಎಸ್ಸೆಸ್ಸೆಲ್ಸಿ ಫಲಿತಾಂಶದಿಂದ ಆರಂಭವಾಗಿ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಮುಕ್ತಾಯಗೊಳ್ಳುತ್ತವೆ. ಹತ್ತನೆಯ ತರಗತಿಯಲ್ಲಿ ಕನ್ನಡ ವಿಷಯದಲ್ಲಿ ಹಿಂದುಳಿದ ಮಗು ತನ್ನ ಐದಾರನೆಯ ವಯಸ್ಸಿನಲ್ಲಿ ಯಾವ ಕನ್ನಡ ಪುಸ್ತಕವನ್ನು ಕೈಯಲ್ಲಿ ಹಿಡಿದಿತ್ತು ಎಂದು ಯಾರೂ ಕೇಳುವುದಿಲ್ಲ. ಬಹುತೇಕ ಮನೆಗಳಲ್ಲಿ ಅದಕ್ಕೆ ಉತ್ತರವೂ ಇರುವುದಿಲ್ಲ. ಪಠ್ಯಪುಸ್ತಕದ ಹೊರತು ಕನ್ನಡದ ಒಂದು ಹಾಳೆಯೂ ಆ ಮನೆಯೊಳಗೆ ಬಂದಿರುವುದಿಲ್ಲ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ವಾಸಿಸುವ ನಮ್ಮ ಸ್ಥಿತಿ ಕರಾವಳಿಯ ಸಹೋದರರ ಸ್ಥಿತಿಗಿಂತ ಭಿನ್ನವಾದುದು. ಅಲ್ಲಿ ಮನೆಮಾತು ಬ್ಯಾರಿಯಾದರೂ ಧಾರ್ಮಿಕ ಓದು ಕನ್ನಡದಲ್ಲಿಯೂ ನಡೆದಿದೆ. ಇಲ್ಲಿ ಮನೆಯಲ್ಲಿ ದಖ್ಖನಿ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ, ಕನಸಿನಲ್ಲಿ ಇಂಗ್ಲಿಷ್. ನಮ್ಮ ಏಳು ವರ್ಷದ ಮಗು ಬೆಳಿಗ್ಗೆ ಮಕ್ತಬ್‌ನಲ್ಲಿ ಕಾಯಿದಾ ಹಿಡಿದು ಅರಬಿ ಅಕ್ಷರ ಕಲಿಯುತ್ತದೆ, ಶಾಲೆಯಲ್ಲಿ ಉರ್ದು, ಇಂಗ್ಲಿಷ್ ಮತ್ತು ಕನ್ನಡ ಬರೆಯುತ್ತದೆ. ಮೂರು ಬಗೆಯ ಲಿಪಿ, ಎರಡು ದಿಕ್ಕಿನ ಬರಹ. ಇಷ್ಟನ್ನು ಹೊರುವ ಮಗುವನ್ನು ದಡ್ಡನೆಂದು ಕರೆಯುವವರಿಗೆ ನಾವು ಏನು ಹೇಳೋಣ? ಆದರೆ ಈ ಲಿಪಿಗಳಲ್ಲಿ ಮಗು ಅತ್ಯಂತ ಹೆಚ್ಚು ಹೆದರುವುದು ಕನ್ನಡಕ್ಕೇ ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅರಬಿಯೊಂದಿಗೆ ಪುಣ್ಯದ ಭಾವವಿದೆ, ಉರ್ದುವಿನೊಂದಿಗೆ ಅಮ್ಮಿಯ ದನಿಯಿದೆ, ಇಂಗ್ಲಿಷಿನೊಂದಿಗೆ ಮೊಬೈಲಿನ ಕಾರ್ಟೂನು ಇದೆ. ಕನ್ನಡದೊಂದಿಗೆ ಇರುವುದು ಪರೀಕ್ಷೆ ಮಾತ್ರ.

ಕಲಿಯಲು ಆಗದು ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ‘ಹಾರ್ಟ್ ಲ್ಯಾಂಪ್’ ಕೃತಿಗಾಗಿ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಗೆ ಪಾತ್ರರಾದ ಬಾನು ಮುಷ್ತಾಕ್ ಅವರು ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿದ್ದು, ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿಯಬೇಕೆಂಬ ಷರತ್ತಿನ ಮೇಲೆ. ಅವರು ಕೆಲವೇ ದಿನಗಳಲ್ಲಿ ಬರೆಯತೊಡಗಿದರು. ನಮ್ಮ ಮಾಲೂರು ತಾಲ್ಲೂಕಿನವರೇ ಆದ ಮಾಸ್ತಿಯವರ ಮನೆಮಾತು ತಮಿಳಾಗಿತ್ತು. ಮನೆಯ ಭಾಷೆ ಬೇರೆ ಎಂಬ ಕಾರಣಕ್ಕೆ ಕನ್ನಡ ಯಾರನ್ನೂ ಹೊಸಿಲಾಚೆ ನಿಲ್ಲಿಸಿದ್ದಿಲ್ಲ.

ಈ ಯೋಚನೆಯಿಂದಲೇ ನಾವು ಕೆಲವರು ಒಂದು ಚೀಲದ ತುಂಬ ಕನ್ನಡ ಚಿತ್ರಪುಸ್ತಕಗಳನ್ನು ಹೊತ್ತು, ಭಾನುವಾರಗಳಂದು ಅಸರ್ ನಮಾಝಿನ ಬಳಿಕ ಈ ನಾಲ್ಕು ಊರುಗಳ ಮಕ್ತಬ್‌ಗಳಿಗೆ ಸರದಿಯಂತೆ ಹೋಗತೊಡಗಿದೆವು. ಪಾಠವಿಲ್ಲ, ಪ್ರಶ್ನೆಯಿಲ್ಲ. ಚಾಪೆಯ ಮೇಲೆ ಪುಸ್ತಕಗಳನ್ನು ಹರಡುವುದು, ಮಕ್ಕಳು ಆರಿಸಿದ್ದನ್ನು ಓದಿ ಹೇಳುವುದು, ಅಷ್ಟೇ. ಪುಸ್ತಕಗಳನ್ನು ಕೊಳ್ಳಲು ಹೋದಾಗ ಅಂಗಡಿಯೊಬ್ಬರು, ನಿಮ್ಮ ಮಕ್ಕಳು ಇದನ್ನೆಲ್ಲ ಓದುತ್ತಾರೆಯೇ ಎಂದು ಕೇಳಿದ್ದುಂಟು. ಪ್ರಶ್ನೆಯಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು. ನೋವಾದದ್ದು ಅದಕ್ಕೇ.

ನಮ್ಮ ಚೀಲದಲ್ಲಿ ಹೆಚ್ಚಾಗಿರುವುದು ಬೆಂಗಳೂರಿನ ಪ್ರಥಮ್ ಬುಕ್ಸ್ ಪ್ರಕಟಣೆಗಳು. 2004ರಲ್ಲಿ ಲಾಭದ ಉದ್ದೇಶವಿಲ್ಲದೆ ಆರಂಭವಾದ ಈ ಸಂಸ್ಥೆ, ಪ್ರತಿಯೊಂದು ಮಗುವಿನ ಕೈಗೂ ಪುಸ್ತಕ ತಲುಪಬೇಕೆಂಬ ಗುರಿಯಿಟ್ಟುಕೊಂಡು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ತೆಳುವಾದ, ಅಗ್ಗದ ಪುಸ್ತಕಗಳನ್ನು ಹೊರತರುತ್ತಿದೆ. ಒಂದು ಪುಟಕ್ಕೆ ಒಂದು ಚಿತ್ರ, ಎರಡೋ ಮೂರೋ ಸಾಲು. ಮಗುವಿಗೆ ಈದ್‌ಗೆಂದು ಕೊಳ್ಳುವ ಒಂದು ಜೊತೆ ಬಟ್ಟೆಯ ಬೆಲೆಗೆ ಇಂತಹ ಹಲವು ಪುಸ್ತಕಗಳು ಬರುತ್ತವೆ.

ಅವುಗಳಲ್ಲಿ ‘ನೋನಿ’ ಎಂಬ ಹೆಸರಿನಲ್ಲಿ ರೋಹಿಣಿ ನಿಲೇಕಣಿಯವರು ಬರೆದ, ಚಂದ್ರ ಮತ್ತು ಟೋಪಿಯ ಕಥೆಯೊಂದಿದೆ. ಮಗುವಿನ ಹೊಸ ಟೋಪಿ ಗಾಳಿಗೆ ಹಾರಿ ಮರಕ್ಕೆ ಸಿಕ್ಕಿಕೊಳ್ಳುತ್ತದೆ, ರಾತ್ರಿ ಚಂದ್ರ ಬಂದು ಅದನ್ನು ತಲೆಗಿಟ್ಟುಕೊಂಡು ನಗುತ್ತಾನೆ. ಮರುದಿನ ತಾಯಿ ಹೊಸ ಟೋಪಿ ಕೊಟ್ಟು, ಚಂದ್ರ ಕಳುಹಿಸಿದ್ದು ಎನ್ನುತ್ತಾಳೆ. ಇದರಲ್ಲಿ ಧರ್ಮದ ಪ್ರಸ್ತಾಪವೇ ಇಲ್ಲ. ಆದರೆ ಮುಳಬಾಗಿಲಿನ ಮಕ್ಕಳು ಈ ಪುಸ್ತಕವನ್ನು ಕಂಡೊಡನೆ ಅದು ತಮ್ಮದೇ ಕಥೆ ಎಂದು ತೀರ್ಮಾನಿಸಿಬಿಟ್ಟರು. ಟೋಪಿ ಎಂದರೆ ನಮಾಝಿನ ಟೋಪಿ, ಚಂದ್ರನೆಂದರೆ ಈದ್‌ನ ಚಂದ್ರ. ತಾರಾವೀಹ್‌ಗೆ ಹೋಗುವಾಗ ತನ್ನ ಟೋಪಿ ಹಾರಿಹೋದದ್ದನ್ನು ಒಬ್ಬ ಹುಡುಗ ದಖ್ಖನಿಯಲ್ಲಿ ಆರಂಭಿಸಿ, ಅರ್ಧದಲ್ಲಿ ತನಗರಿವಿಲ್ಲದೆಯೇ ಕನ್ನಡಕ್ಕೆ ಹೊರಳಿ ಹೇಳಿ ಮುಗಿಸಿದ. ಹತ್ತಿರ ಕುಳಿತಿದ್ದ ಹಜ್ರತ್ ನಮ್ಮತ್ತ ನೋಡಿ ಮುಗುಳ್ನಕ್ಕರು. ಕನ್ನಡ ತರಗತಿಯಲ್ಲಿ ಬಾಯಿ ಬಿಡದ ಹುಡುಗ ಅವನು. ಶ್ರೀನಿವಾಸಪುರದಲ್ಲಿ ಅದೇ ಲೇಖಕಿಯ ‘ಶೃಂಗೇರಿ ಶ್ರೀನಿವಾಸ’ನಿಗೆ ಹೆಚ್ಚು ಆದರ, ಉದ್ದ ಕೂದಲಿನ ಆ ರೈತ ತಮ್ಮ ಊರಿನವನೇ ಎಂಬುದು ಅಲ್ಲಿನ ಮಕ್ಕಳ ಅಚಲ ನಂಬಿಕೆ. ನಾವು ತಿದ್ದಲು ಹೋಗಿಲ್ಲ.

ಇನ್ನೊಂದು ಸಂಗತಿ. ಚಿತ್ರವೊಂದರ ಕೆಳಗೆ ‘ಕುರ್ಚಿ’ ಎಂದಿದ್ದುದನ್ನು ಕೂಡಿಸಿ ಓದಿದ ಹುಡುಗಿಯೊಬ್ಬಳು ಥಟ್ಟನೆ ತಲೆಯೆತ್ತಿ, ಇದು ಆಯತುಲ್ ಕುರ್ಸಿಯ ಕುರ್ಸಿಯೇ ಎಂದು ಕೇಳಿದಳು. ಪದ ಒಂದೇ, ಕುರ್‌ಆನಿನಲ್ಲಿ ಅದರ ಅರ್ಥವ್ಯಾಪ್ತಿ ನಾವು ಕುಳಿತುಕೊಳ್ಳುವ ಪೀಠಕ್ಕೆ ಸೀಮಿತವಲ್ಲವೆಂದು ಹಜ್ರತ್ ವಿವರಿಸಿದರು. ಅಂದಿನಿಂದ ಮಕ್ಕಳಿಗೆ ಪದಬೇಟೆಯೇ ಆಟವಾಯಿತು. ಮೇಜು, ಖಾಲಿ, ಹಾಜರಿ, ಅರ್ಜಿ, ತಯಾರಿ, ಜಮೀನು. ಅರಬಿ ಮತ್ತು ಪಾರಸಿಯಿಂದ ಬಂದು ಕನ್ನಡದ ಮನೆಮಂದಿಯಾಗಿಬಿಟ್ಟ ಈ ಪದಗಳನ್ನು ಕಂಡ ಮೇಲೆ, ಕನ್ನಡ ತಮಗೆ ಪರಕೀಯವೆಂಬ ಭಾವ ಆ ಹುಡುಗಿಯಲ್ಲಿ ಉಳಿದಿದೆಯೆಂದು ನಮಗನ್ನಿಸುವುದಿಲ್ಲ.

ಹಾಗೆಂದು ನಮ್ಮ ಚೀಲಕ್ಕೆ ಎಲ್ಲೆಡೆಯೂ ಸ್ವಾಗತ ದೊರೆಯಿತೆಂದು ಹೇಳಲಾಗದು. ಜೀವಿಗಳ ಚಿತ್ರವಿರುವ ಪುಸ್ತಕ ಮಸೀದಿಯ ಆವರಣದಲ್ಲಿ ಏಕೆ ಎಂದು ಹಿರಿಯರೊಬ್ಬರು ಆಕ್ಷೇಪಿಸಿದರು. ಈ ಆಕ್ಷೇಪವನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಚಿತ್ರರಚನೆಯ ಕುರಿತು ಕಟುವಾದ ಎಚ್ಚರಿಕೆಗಳು ಹದೀಸ್‌ಗಳಲ್ಲಿವೆ, ಅವುಗಳ ವ್ಯಾಪ್ತಿಯ ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವೂ ಇದೆ. ಆದರೆ ಅದೇ ಹದೀಸ್ ಗ್ರಂಥಗಳಲ್ಲಿ ಹಝ್ರತ್ ಆಯಿಶಾ(ರ) ಅವರ ಗೊಂಬೆಗಳ ಪ್ರಸಂಗವೂ ಇದೆ. ಅವರ ಆಟದ ಗೊಂಬೆಗಳ ನಡುವೆ ಬಟ್ಟೆಯ ರೆಕ್ಕೆಗಳನ್ನು ಹೊಂದಿದ್ದ ಒಂದು ಕುದುರೆಯನ್ನು ಕಂಡು ಪ್ರವಾದಿವರ್ಯರು(ಸ), ಕುದುರೆಗೆ ರೆಕ್ಕೆಯೇ ಎಂದು ವಿಚಾರಿಸಿದರು. ಸುಲೈಮಾನ್(ಅ)ರ ಕುದುರೆಗಳಿಗೆ ರೆಕ್ಕೆಗಳಿದ್ದುದನ್ನು ತಾವು ಕೇಳಿಲ್ಲವೇ ಎಂದು ಅವರು ಮರುನುಡಿದಾಗ, ಪ್ರವಾದಿವರ್ಯರು(ಸ) ದವಡೆ ಹಲ್ಲುಗಳು ಕಾಣುವಂತೆ ನಕ್ಕರೆಂದು ಅಬೂದಾವೂದ್‌ನಲ್ಲಿ ವರದಿಯಾಗಿದೆ. ಅದೇ ಮನೆಯಲ್ಲಿ ಚಿತ್ರಗಳಿದ್ದ ಪರದೆಯನ್ನು ತೂಗುಹಾಕಿದ್ದಾಗ ಅವರು ಅದನ್ನು ಮೆಚ್ಚಲಿಲ್ಲ. ಆ ಬಟ್ಟೆಯನ್ನು ಕತ್ತರಿಸಿ ದಿಂಬು ಮಾಡಿಕೊಳ್ಳಲಾಯಿತು. ಗೌರವದಿಂದ ಗೋಡೆಯ ಮೇಲೇರಿಸುವುದು ಬೇರೆ, ಮಗುವಿನ ಕೈಯಲ್ಲಿ ಹೊರಳಾಡುವುದು ಬೇರೆ. ಮಕ್ಕಳ ಆಟಿಕೆಗಳಿಗೆ ಕರ್ಮಶಾಸ್ತ್ರಜ್ಞರಲ್ಲಿ ಬಹುತೇಕರು ವಿನಾಯಿತಿ ನೀಡಿರುವುದು ಇಂತಹ ವರದಿಗಳ ಆಧಾರದಲ್ಲಿಯೇ. ಚಿತ್ರಪುಸ್ತಕ ನಮ್ಮ ಮಕ್ತಬ್‌ನಲ್ಲಿ ಯಾವ ಸ್ಥಿತಿಯಲ್ಲಿರುತ್ತದೆ ಎಂಬುದನ್ನು ಒಮ್ಮೆ ಕಂಡವರು, ಅದನ್ನು ಯಾರಾದರೂ ಪೂಜಿಸಬಹುದೆಂದು ಶಂಕಿಸಲಾರರು. ಅಂಚು ಹರಿದು, ಆನೆಯ ಕಿವಿಗೆ ಪೆನ್ಸಿಲಿನಿಂದ ಓಲೆ ತೊಡಿಸಲಾಗಿರುತ್ತದೆ. ಹಿರಿಯರ ಮನಸ್ಸು ಪೂರ್ತಿ ಒಪ್ಪಲಿಲ್ಲವೆಂಬುದು ನಮಗೆ ಗೊತ್ತು. ಅವರ ಮಾತಿಗೆ ಬೆಲೆ ಕೊಟ್ಟು ಆ ಊರಿನಲ್ಲಿ ನಮಾಝಿನ ಸ್ಥಳವನ್ನು ಬಿಟ್ಟು ಹೊರಗಿನ ಜಗಲಿಯ ಮೇಲೆ ಚಾಪೆ ಹಾಸುತ್ತೇವೆ.

ಎರಡನೆಯ ಭಯ ಭಿನ್ನವಾದುದು: ಕನ್ನಡದ ಕಥೆಗಳೊಂದಿಗೆ ಅನ್ಯ ಸಂಸ್ಕೃತಿ ಒಳನುಸುಳುತ್ತದೆ ಎಂಬುದು. ಪುಸ್ತಕಗಳನ್ನು ಆರಿಸುವ ಹೊಣೆ ಪೋಷಕರಿಗಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಹಿಜರಿ 2ನೆಯ ವರ್ಷದಲ್ಲಿ ಬದ್ರ್ ಯುದ್ಧದ ಕೈದಿಗಳ ಪೈಕಿ ಅಕ್ಷರ ಬಲ್ಲವರಿಗೆ, ಮದೀನದ ಮಕ್ಕಳಿಗೆ ಬರವಣಿಗೆ ಕಲಿಸುವುದನ್ನೇ ವಿಮೋಚನಾ ಧನವಾಗಿ ನಿಗದಿಪಡಿಸಿದ ಚರಿತ್ರೆ ನಮ್ಮದು. ಯುದ್ಧಕ್ಕೆ ಬಂದವರ ಬಾಯಿಂದ ಅಕ್ಷರ ಕಲಿಸಲು ಅಂಜದ ಸಮುದಾಯ, ಪಕ್ಕದ ಮನೆಯವರ ಭಾಷೆಯಲ್ಲಿರುವ ಮೊಲ ಆಮೆಗಳಿಗೆ ಅಂಜಬೇಕೆ? ಪಂಚತಂತ್ರದ ಪ್ರಾಣಿಕಥೆಗಳು ಪಹ್ಲವಿ ಭಾಷೆಯ ಮೂಲಕ ಸಾಗಿ, 8ನೆಯ ಶತಮಾನದಲ್ಲಿ ಇಬ್ನುಲ್ ಮುಖಫ್ಫಾರ ಕೈಯಲ್ಲಿ ‘ಕಲೀಲ ವ ದಿಮ್ನ’ ಎಂಬ ಅರಬಿ ಕೃತಿಯಾದವು. ಕರಟಕ ದಮನಕರೆಂಬ ನರಿಗಳೇ ಅಲ್ಲಿನ ಕಲೀಲ ಮತ್ತು ದಿಮ್ನ. 13ನೆಯ ಶತಮಾನದ ಅದರ ಸಚಿತ್ರ ಹಸ್ತಪ್ರತಿಯೊಂದು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಅದೇ ಪಂಚತಂತ್ರವನ್ನು ದುರ್ಗಸಿಂಹನು ಕನ್ನಡಕ್ಕೆ ತಂದದ್ದು 11ನೆಯ ಶತಮಾನದಲ್ಲಿ. ಅರಬರು ಬಣ್ಣ ಹಚ್ಚಿ ಓದಿದ ಕಥೆಯನ್ನು ಕೋಲಾರದ ಮುಸ್ಲಿಮ್ ಮಗು ಕನ್ನಡದಲ್ಲಿ ಓದಿದರೆ ಕಳೆದುಹೋಗುವುದಾದರೂ ಏನು?

ಇಸ್ಲಾಮೀ ಮಕ್ಕಳ ಸಾಹಿತ್ಯದ ವಿಷಯಕ್ಕೆ ಬಂದರೆ, ಮಂಗಳೂರಿನ ಶಾಂತಿ ಪ್ರಕಾಶನದಂತಹ ಸಂಸ್ಥೆಗಳು ಕುರ್‌ಆನ್ ಅನುವಾದವನ್ನೂ ಹದೀಸ್ ಮತ್ತು ಪ್ರವಾದಿ ಚರಿತ್ರೆಯ ಗ್ರಂಥಗಳನ್ನೂ ಕನ್ನಡಕ್ಕೆ ನೀಡಿರುವುದು ಓದುಗರಿಗೆ ತಿಳಿದೇ ಇದೆ. ದೊಡ್ಡವರ ಕಪಾಟು ತುಂಬಿದೆ. ಇನ್ನೂ ಅಕ್ಷರ ಕೂಡಿಸುತ್ತಿರುವ ಮಗುವಿಗೆ, ಒಂದು ಪುಟಕ್ಕೆ ಎರಡು ಸಾಲಿನ ಸಚಿತ್ರ ಪುಸ್ತಕಗಳು ನಮಗೆ ಬೇಕಾದಷ್ಟು ದೊರೆಯುತ್ತಿಲ್ಲ. ಪ್ರವಾದಿಗಳನ್ನು ಚಿತ್ರಿಸಬಾರದು ಎಂಬ ಮರ್ಯಾದೆ ಇದಕ್ಕೆ ಅಡ್ಡಿಯೇ ಅಲ್ಲ. ಅನ್ನಮ್ಲ್ ಅಧ್ಯಾಯದ ಇರುವೆಯ ಪ್ರಸಂಗವನ್ನು ನೋಡಿರಿ. ಸುಲೈಮಾನ್(ಅ)ರ ಸೈನ್ಯ ಅರಿಯದೆ ತುಳಿದುಬಿಟ್ಟೀತೆಂದು ಒಂದು ಇರುವೆ ತನ್ನವರನ್ನೆಲ್ಲ ಗೂಡು ಸೇರಿಕೊಳ್ಳಲು ಎಚ್ಚರಿಸುತ್ತದೆ. ಚಿತ್ರಕಾರನು ಇರುವೆಯ ಎತ್ತರದಲ್ಲಿ ಕುಳಿತು ನೋಡಿದರೆ ಸಾಕು: ಹುಲ್ಲಿನ ಎಸಳು, ಅದುರುವ ಮಣ್ಣು, ದೂರದಲ್ಲಿ ಎದ್ದ ಧೂಳು. ಸೈನ್ಯದ ಒಂದು ಮುಖವನ್ನೂ ಬರೆಯಬೇಕಾಗಿಲ್ಲ. ಗುಹಾನಿವಾಸಿಗಳ ನಾಯಿ, ಹೂಳುವುದನ್ನು ತೋರಿಸಿಕೊಟ್ಟ ಕಾಗೆ, ಯೂನುಸ್(ಅ)ರ ಮೀನು, ಅಬಾಬೀಲ್ ಪಕ್ಷಿಗಳು. ಹದೀಸ್‌ನಲ್ಲಿ ಅನಸ್(ರ)ರ ಪುಟ್ಟ ತಮ್ಮ ಅಬೂ ಉಮೈರ್ ಮತ್ತು ಸತ್ತುಹೋದ ಅವನ ಸಣ್ಣ ಹಕ್ಕಿ. ಆ ಮಗುವಿನ ದುಃಖವನ್ನು ವಿಚಾರಿಸಲು ಪ್ರವಾದಿವರ್ಯರಿಗೆ(ಸ) ಬಿಡುವಿತ್ತು. ಈ ಒಂದು ಪ್ರಸಂಗವನ್ನು ಹನ್ನೆರಡು ಪುಟಗಳಲ್ಲಿ ಬರೆದು ಚಿತ್ರಿಸಬಲ್ಲವರು ನಮ್ಮಲ್ಲಿ ಖಂಡಿತ ಇದ್ದಾರೆ.

ಧಾರ್ಮಿಕ ಕಥೆಗಳಷ್ಟೇ ಸಾಲವು. ಚೆನ್ನೈಯ ತೂಲಿಕಾ ಪ್ರಕಾಶನಕ್ಕಾಗಿ ಫೌಝಿಯಾ ಗಿಲಾನಿ ವಿಲಿಯಮ್ಸ್ ಬರೆದ ಇಸ್ಮತ್‌ನ ಈದ್ ಕಥೆಯಲ್ಲಿ, ಉದ್ದವಾದ ಹೊಸ ಷರಾಯಿಯನ್ನು ಮನೆಯವರೆಲ್ಲ ಒಬ್ಬರಿಗೊಬ್ಬರು ಹೇಳದೆ ಕತ್ತರಿಸಿ ಮೋಟು ಮಾಡಿಬಿಡುತ್ತಾರೆ. ಈದ್‌ನ ಹಿಂದಿನ ರಾತ್ರಿಯ ಗಡಿಬಿಡಿ ಬಲ್ಲ ಯಾವ ಮನೆಗೂ ಅದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಉಪದೇಶವಿಲ್ಲ, ನಗುವಿದೆ. ಬೊಳುವಾರು ಮಹಮದ್ ಕುಂಞಿಯವರು ಗಾಂಧೀಜಿಯ ಕುರಿತ ಮಕ್ಕಳ ಕೃತಿಗೆ 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದರು. ಕನ್ನಡದ ಮಕ್ಕಳಿಗಾಗಿ ಬರೆಯುವುದು ಮುಸ್ಲಿಮ್ ಲೇಖಕರಿಗೆ ಹೊಸತೇನಲ್ಲ. ಆದರೆ ಟೊಮೆಟೊ ಮಂಡಿಯಲ್ಲಿ ಕ್ರೇಟು ಹೊರುವ ಅಬ್ಬಾ, ಮಾವಿನ ಸುಗ್ಗಿಯಲ್ಲಿ ರಾತ್ರಿಯಿಡೀ ಲಾರಿ ತುಂಬಿಸುವ ಮಾಮೂ, ಹೈದರ್ ವಲಿ ದರ್ಗಾದ ಬೀದಿಯಲ್ಲಿ ಬಳೆ ಮಾರುವ ನಾನಿ ಇವರನ್ನು ಕನ್ನಡದ ಯಾವ ಚಿತ್ರಪುಸ್ತಕದಲ್ಲಿಯೂ ನಾವು ಕಂಡಿಲ್ಲ. ಪಕ್ಕದ ಮನೆಯ ಹಿಂದೂ ಮಗುವೂ ಅವರನ್ನು ಅಲ್ಲಿ ಕಾಣಬೇಕಲ್ಲವೇ?

ನಾವೇ ತಯಾರಿಸಿಕೊಳ್ಳಬಹುದಾದ ದಾರಿಯೊಂದು ತೆರೆದಿದೆ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿರುವ ಕಥೆಗಳನ್ನು ಯಾರು ಬೇಕಾದರೂ ಅನುವಾದಿಸಿ, ಮೂಲ ಲೇಖಕರ ಮತ್ತು ಚಿತ್ರಕಾರರ ಹೆಸರನ್ನು ನಮೂದಿಸಿ ಮುದ್ರಿಸಿಕೊಳ್ಳಲು ಅನುಮತಿಯಿದೆ. ನಾವು ಒಂದು ಕಥೆಯನ್ನು ಉರ್ದು ಮತ್ತು ಕನ್ನಡ ಎರಡರಲ್ಲಿಯೂ ಒಂದೇ ಪುಸ್ತಕವಾಗಿಸಲು ಹೊರಟಾಗ ಎದುರಾದ ತೊಡಕು ವಿಚಿತ್ರವಾದುದು. ಕನ್ನಡ ಪುಸ್ತಕ ಎಡದಿಂದ ತೆರೆಯುತ್ತದೆ, ಉರ್ದು ಬಲದಿಂದ. ಕನ್ನಡದವರಿಗೆ ಮುಂದಕ್ಕೆ ಓಡುವ ಕುದುರೆ ಉರ್ದು ಓದುವವರಿಗೆ ಹಿಂದಕ್ಕೆ ಓಡುತ್ತದೆ. ಕೊನೆಗೆ ಪುಟಗಳನ್ನು ಕೆಳಗಿನಿಂದ ಮೇಲಕ್ಕೆ, ಗೋಡೆಯ ಕ್ಯಾಲೆಂಡರಿನಂತೆ ಮಗುಚುವ ಹಾಗೆ ಹೊಲಿದೆವು; ಚಿತ್ರದ ಮೇಲೆ ಉರ್ದು, ಕೆಳಗೆ ಕನ್ನಡ. ಅಚ್ಚುಮನೆಯವರು ತಲೆ ಕೆರೆದುಕೊಂಡರೂ ಮಕ್ಕಳಿಗೆ ಅದೊಂದು ಸಮಸ್ಯೆಯೇ ಆಗಲಿಲ್ಲ.

ಹಳ್ಳಿಯ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ‘ಓದುವ ಬೆಳಕು’ ಯೋಜನೆಯಡಿ ಉಚಿತ ಸದಸ್ಯತ್ವವಿದೆ. ನಮ್ಮವರು ಅದನ್ನು ಬಳಸಿಕೊಳ್ಳಬೇಕು. ಪಟ್ಟಣದ ಮೊಹಲ್ಲಾಗಳಿಗೆ ಬೇರೆ ದಾರಿ ಬೇಕು, ಅದನ್ನು ತೋರಿಸಿದ್ದು ಮಾಲೂರಿನ ಒಬ್ಬ ಮಹಿಳೆ. ಹೆಂಚಿನ ಕಾರ್ಖಾನೆಯಲ್ಲಿ ದುಡಿದು ತೀರಿಕೊಂಡ ಪತಿಯ ಈಸಾಲೆ ಸವಾಬ್‌ಗಾಗಿ ಮಸೀದಿಗೆ ಕುರ್‌ಆನ್ ಪ್ರತಿಗಳನ್ನು ಕೊಡಲು ಅವರು ಬಂದಿದ್ದರು. ಅಲ್ಲಿನ ಕಪಾಟಿನಲ್ಲಿ ತೆರೆಯದ ಪ್ರತಿಗಳು ಆಗಲೇ ರಾಶಿಯಾಗಿದ್ದವು. ಮರಣಾನಂತರವೂ ನಿಲ್ಲದ ಪುಣ್ಯಗಳಲ್ಲಿ ಪ್ರಯೋಜನಕಾರಿ ಜ್ಞಾನವೂ ಒಂದೆಂದು ಇಮಾಮರು ನೆನಪಿಸಿದರು. ಆಕೆ ಸ್ವಲ್ಪ ಹೊತ್ತು ಯೋಚಿಸಿ, ತಮ್ಮ ಪತಿಗೆ ಓದಲು ಬರುತ್ತಿರಲಿಲ್ಲ, ಮಕ್ಕಳ ಪುಸ್ತಕವೇ ಆಗಲಿ ಎಂದರು. ಆ ಹಣದಲ್ಲಿ ಒಂದು ತಗಡಿನ ಪೆಟ್ಟಿಗೆ ಮತ್ತು ನಲವತ್ತು ಕನ್ನಡ ಚಿತ್ರಪುಸ್ತಕಗಳು ಬಂದವು. ಪೆಟ್ಟಿಗೆಗೆ ಬೀಗ ಹಾಕಬಾರದೆಂಬುದು ಆಕೆಯ ಒಂದೇ ಷರತ್ತು.

ನಲವತ್ತರಲ್ಲಿ ಈಗ ಮೂವತ್ತೊಂದು ಉಳಿದಿವೆ. ಉಳಿದವು ಯಾವ ಮನೆಗಳಲ್ಲಿವೆ ಎಂಬುದು ಇಮಾಮರಿಗೆ ಗೊತ್ತು, ಅವರು ಕೇಳಲು ಹೋಗಿಲ್ಲ. ಟೋಪಿಯ ಪುಸ್ತಕದ ಬೆನ್ನು ಕಿತ್ತುಹೋಗಿದೆ. ಬರುವ ಭಾನುವಾರ ಮಾಲೂರಿನ ಸರದಿ. ದಪ್ಪ ದಾರ ಮತ್ತು ಗೋಣಿ ಹೊಲಿಯುವ ದಬ್ಬಳ ತರಬೇಕೆಂದು ಹೇಳಿ ಕಳುಹಿಸಿದ್ದಾರೆ.